ಕರಿಘಟ್ಟದ ತಪ್ಪಲಿನ ಜ್ವರ

ಪರದೇಶದಲ್ಲಿ ನೆಲಸಬಂದವರಿಗೆ ಶತ್ರುವಿಗಿಂತಲೂ ರೋಗವೇ ಕಠಿನತರವಾದ ಪರೀಕ್ಷೆಯೆಂಬುದಕ್ಕೆ ಶ್ರೀರಂಗಪಟ್ಟಣದ ಚರಿತ್ರೆಯಲ್ಲಿ ನಿದರ್ಶನವನ್ನು ಕಾಣುತ್ತೇವೆ.

ಕರಿಘಟ್ಟದ ತಪ್ಪಲಿನಲ್ಲಿ ಲೋಕಪಾವನಿಯು ಕಾವೇರಿಯನ್ನು ಸೇರುತ್ತದೆ. ಸುತ್ತಲೂ ಕಾಲುವೆ, ಗದ್ದೆಗಳು. 1791ರ ಮೇ ತಿಂಗಳಲ್ಲಿ ಈ ಪ್ರದೇಶಕ್ಕೆ ಬಂದ ಕಾರ್ನ್‌ವಾಲಿಸನ ಸೈನ್ಯವು ಹಸಿವು, ಮಳೆ, ರೋಗಗಳಿಂದ ಕಂಗೆಟ್ಟು, ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಿತು. 1792ರ ಫೆಬ್ರವರಿ 6ರ ರಾತ್ರಿಯ ದಾಳಿಯಲ್ಲಿ ಆಂಗ್ಲರು ಕರಿಘಟ್ಟವನ್ನು ಹಿಡಿದರು. 1799ರಲ್ಲಿ ಕೋಟೆಯೂ ಅವರ ವಶವಾಯಿತು. ಆದರೆ ಗೆದ್ದ ಊರಿನಲ್ಲಿ ನೆಲೆನಿಂತ ದಂಡನ್ನು ಚಳಿಜ್ವರವು ಬಿಡದೆ ಪೀಡಿಸಿತು.

ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಅಂದಿನ ಐರೋಪ್ಯ ವೈದ್ಯರ ನಂಬಿಕೆ. ಸಿಂಕೋನ ಮರದ ತೊಗಟೆಯನ್ನು ಅವರು ಬಲ್ಲರು. ಅದರಿಂದ ಕ್ವಿನೈನನ್ನು ಬೇರ್ಪಡಿಸಿದುದು 1820ರಲ್ಲಿ. ಉಳಿದ ಉಪಾಯ ಸ್ಥಳಾಂತರವೊಂದೇ. 1809ರಲ್ಲಿ ದಂಡು ಸುಮಾರು 3,000 ಅಡಿ ಎತ್ತರದ ಬೆಂಗಳೂರಿಗೆ ಹೋಯಿತು. ಅಲ್ಲಿ ದಂಡುಪ್ರದೇಶವು ಬೆಳೆಯಿತು. 1799ರಲ್ಲಿಯೇ ರಾಜಧಾನಿಯ ಪದವಿಯನ್ನು ಮೈಸೂರಿಗೆ ಬಿಟ್ಟುಕೊಟ್ಟಿದ್ದ ಪಟ್ಟಣವು ಮತ್ತಷ್ಟು ಕ್ಷೀಣಿಸಿತು.

1897ರಲ್ಲಿ ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದೊಳಗೆ ಮಲೇರಿಯದ ಪರೋಪಜೀವಿಯನ್ನು ಕಂಡನು. ಕಾರಣವನ್ನು ತಪ್ಪಾಗಿ ತಿಳಿದಿದ್ದವರು ನಿವಾರಣೆಯಲ್ಲಿ ಅಷ್ಟಾಗಿ ತಪ್ಪಿರಲಿಲ್ಲ: ನೀರು ನಿಂತ ತಗ್ಗನ್ನು ತೊರೆದವರು ಸೊಳ್ಳೆಯಿಂದಲೂ ದೂರವಾದರು. ಇಂದು ಮಲೇರಿಯವಿರುವ ದೇಶಗಳಿಗೆ ಹೋಗುವವರು ಮೊದಲೇ ಮಾತ್ರೆಯನ್ನಾರಂಭಿಸಿ, ಸೊಳ್ಳೆಪರದೆಯೊಳಗೆ ಮಲಗುವುದು ಆ ಶೋಧದ ಫಲ.

ಊರನ್ನು ಬಿಟ್ಟುಹೋಗುವ ಅನುಕೂಲ ಹೊರಗಿನಿಂದ ಬಂದ ದಂಡಿಗಿತ್ತು. ಗದ್ದೆಯನ್ನೇ ನಂಬಿದ್ದ ರೈತನಿಗಿರಲಿಲ್ಲ. ದಂಡಿನ ಜ್ವರವು ಕಡತಗಳನ್ನು ಸೇರಿತು. ರೈತನ ಜ್ವರದ ಚರಿತ್ರೆಯನ್ನೂ ನಮ್ಮ ವಿದ್ಯಾರ್ಥಿಗಳು ಅರಸಬೇಕೆಂಬುದು ನಮ್ಮ ಆಶಯ.