ದೈವ, ದೆವ್ವ, ಸೈತಾನ: ತುಳುನಾಡಿನಲ್ಲಿ ಅದೃಶ್ಯ ಶತ್ರುವಿನ ನಾಮಕರಣ

ಆರ್ಥರ್ ಕೋಕ್ ಬರ್ನೆಲ್ ಅವರು ಸಂಗ್ರಹಿಸಿದ ತುಳು ಪಾಡ್ದನಗಳೂ ಆರಾಧನಾ ವಿವರಗಳೂ ಅವರು 1882ರಲ್ಲಿ ನಿಧನರಾದ ಬಳಿಕ, ಆರ್. ಸಿ. ಟೆಂಪಲ್ ಅವರ ಸಂಪಾದಕತ್ವದಲ್ಲಿ 1894ರಿಂದ 1897ರವರೆಗೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟವಾದವು. ಆ ಲೇಖನಮಾಲೆಗೆ ದೊರೆತ ಶೀರ್ಷಿಕೆ 'ದ ಡೆವಿಲ್ ವರ್ಶಿಪ್ ಆಫ್ ದ ತುಳುವಾಸ್', ಅಂದರೆ ತುಳುವರ ಪಿಶಾಚಾರಾಧನೆ. ಈ ಶೀರ್ಷಿಕೆಯನ್ನು ವಸಾಹತುಶಾಹಿಯ ತಿರಸ್ಕಾರದ ಕುರುಹೆಂದು ಎತ್ತಿ ತೋರಿಸುವುದು ನಮ್ಮ ಜಾನಪದ ವಿದ್ವತ್ತಿನಲ್ಲಿ ರೂಢಿಯಾಗಿದೆ. ಆ ಮಾತು ತಪ್ಪಲ್ಲ; ಆದರೆ ಅಲ್ಲಿಗೇ ವಿಚಾರ ಮುಗಿಯುವುದಿಲ್ಲ. ತಿರಸ್ಕರಿಸಬೇಕೆಂದಿದ್ದರೆ 'ಮೂಢನಂಬಿಕೆ' ಎಂಬ ಶಬ್ದ ಕೈಗೆ ಸಿಗುವಂತೆಯೇ ಇತ್ತು. ಅದನ್ನು ಬಿಟ್ಟು 'ಡೆವಿಲ್' ಎಂಬ ಶಬ್ದವೇ ಏಕೆ ಬಂದಿತು? ಮೂಢನಂಬಿಕೆ ಎಂದವನು ಆರಾಧ್ಯವಸ್ತುವಿನ ಅಸ್ತಿತ್ವವನ್ನೇ ಅಲ್ಲಗಳೆಯುತ್ತಾನೆ. ಸೈತಾನನೆಂದವನು ಅದು ಇದೆಯೆಂದು ಒಪ್ಪಿಕೊಂಡೇ ಅದರ ಮೇಲೆ ಯುದ್ಧ ಸಾರುತ್ತಾನೆ. ಈ ಭೇದವನ್ನು ಮರೆತರೆ ಹತ್ತೊಂಬತ್ತನೆಯ ಶತಮಾನದ ಮಂಗಳೂರಿನಲ್ಲಿ ನಡೆದದ್ದು ನಮಗೆ ಅರ್ಧವಷ್ಟೇ ತಿಳಿದೀತು.

ಕ್ರೈಸ್ತ ಧರ್ಮದಲ್ಲಿ ಅದೃಶ್ಯ ದುಷ್ಟಶಕ್ತಿಗಳೊಡನೆ ಹೋರಾಟವೆಂಬ ಕಲ್ಪನೆ ಆರಂಭದಿಂದಲೂ ಇದೆ. ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ ಭಕ್ತನಿಗೆ ಕವಚ, ಗುರಾಣಿ, ಶಿರಸ್ತ್ರಾಣ, ಖಡ್ಗಗಳನ್ನು ತೊಡಿಸಿ ನಿಲ್ಲಿಸುತ್ತದೆ. ಶತ್ರು ಮಾತ್ರ ಮನುಷ್ಯನಲ್ಲ. ಆದರೆ ಅನ್ಯರ ದೇವತೆಗಳೇ ಈ ಶತ್ರುಸೇನೆಯೆಂಬ ನಿರ್ಣಯ ಎಲ್ಲಿಂದ ಬಂದಿತೆಂಬುದು ಬೇರೆಯೇ ಪ್ರಶ್ನೆ. ಗ್ರೀಕ್ ಭಾಷೆಯ 'ದೈಮೋನ್' ಶಬ್ದಕ್ಕೆ ಮೂಲದಲ್ಲಿ ಕೆಡುಕಿನ ಅರ್ಥವಿರಲಿಲ್ಲ. ದೇವತೆಗೂ ಮನುಷ್ಯನಿಗೂ ನಡುವಣ ಶಕ್ತಿಗೆ ಆ ಹೆಸರು. ಯೆಹೂದ್ಯರ ಶಾಸ್ತ್ರಗಳು ಗ್ರೀಕಿಗೆ ಪರಿವರ್ತಿತವಾದಾಗ, 96ನೆಯ ಕೀರ್ತನೆಯಲ್ಲಿ ಅನ್ಯಜನರ ದೇವರುಗಳನ್ನು ಕೆಲಸಕ್ಕೆ ಬಾರದವೆಂದು ಹಳಿಯುವ ಹೀಬ್ರೂ ಶಬ್ದದ ಸ್ಥಾನದಲ್ಲಿ 'ದೈಮೋನಿಯ' ಎಂಬ ಶಬ್ದ ಬಂದು ಕುಳಿತಿತು. ಶೂನ್ಯವೆನಿಸಿದ್ದುದು ಅನುವಾದದಲ್ಲಿ ಶಕ್ತಿಯಾಯಿತು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಎರಡೂ ನಿಲುವುಗಳಿವೆ: ವಿಗ್ರಹವೆಂಬುದು ಏನೂ ಅಲ್ಲವೆಂದು ಎಂಟನೆಯ ಅಧ್ಯಾಯದಲ್ಲಿ, ವಿಗ್ರಹಕ್ಕಿಟ್ಟ ಬಲಿ ದೆವ್ವಗಳಿಗೆ ಸಲ್ಲುತ್ತದೆಂದು ಹತ್ತನೆಯ ಅಧ್ಯಾಯದಲ್ಲಿ. ಎರಡನೆಯ ಶತಮಾನದ ಜಸ್ಟಿನ್, ಐದನೆಯ ಶತಮಾನದ ಅಗಸ್ಟೀನ್ ಮೊದಲಾದವರು ಈ ಎರಡನೆಯ ನಿಲುವನ್ನೇ ಬೆಳೆಸಿದರು. ಸಂಸ್ಥೆಯೂ ಅದಕ್ಕೆ ಹೊಂದಿಕೊಂಡಿತು. 251ರ ಸುಮಾರಿಗೆ ರೋಮಿನ ಬಿಷಪ್ ಕಾರ್ನೀಲಿಯಸ್ ಬರೆದ, ಯೂಸೇಬಿಯಸ್ ತನ್ನ ಸಭಾಚರಿತ್ರೆಯಲ್ಲಿ ಉಳಿಸಿಕೊಟ್ಟ ಪತ್ರವೊಂದು ಆ ನಗರದ ಸಭೆಯಲ್ಲಿ ದೆವ್ವ ಬಿಡಿಸುವವರು, ವಾಚಕರು, ದ್ವಾರಪಾಲಕರು ಸೇರಿ 52 ಮಂದಿ ಇದ್ದರೆಂದು ಲೆಕ್ಕ ಕೊಡುತ್ತದೆ. ಕಥೋಲಿಕ ಸಭೆ ಈ ಕಿರಿಯ ಪದವಿಯನ್ನು ತೆಗೆದುಹಾಕಿದ್ದು 1972ರಲ್ಲಿ, ಉಚ್ಚಾಟನೆಯ ವಿಧಿಯನ್ನಲ್ಲ. 1614ರ ಆ ವಿಧಿ 1999ರಲ್ಲಿ ಪರಿಷ್ಕೃತವಾಗಿ ಮುಂದುವರಿದಿದೆ.

ಮಂಗಳೂರಿಗೆ ಬಂದವರು ಕಥೋಲಿಕರಲ್ಲ, ಪ್ರಾಟೆಸ್ಟೆಂಟರು. ಜ್ಞಾನೋದಯಯುಗದ ತರುವಾಯದ ಪ್ರಾಟೆಸ್ಟೆಂಟರು ವಿಚಾರವಾದಿಗಳಾಗಿದ್ದರು, ದೆವ್ವಗಳನ್ನು ನಂಬುತ್ತಿರಲಿಲ್ಲ ಎಂಬ ಸಾಮಾನ್ಯ ಗ್ರಹಿಕೆ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ ಇದ್ದದ್ದು ಸ್ವಿಟ್ಜರ್ಲೆಂಡಿನಲ್ಲಾದರೂ ಅದರ ಜನಬಲದ ಬಹುಪಾಲು ಬಂದದ್ದು ಜರ್ಮನಿಯ ವ್ಯುರ್ಟೆಂಬರ್ಗಿನ ಭಕ್ತಿಪಂಥದಿಂದ. ಹಳ್ಳಿಗಾಡಿನ ಆ ಭಕ್ತಿಪಂಥಕ್ಕೆ ಅದೃಶ್ಯಲೋಕ ದೂರದ್ದಾಗಿರಲಿಲ್ಲ. ಯೋಹಾನ್ ಕ್ರಿಸ್ಟೋಫ್ ಬ್ಲುಮ್‌ಹಾರ್ಟ್ (1805–1880) ಅವರ ವೃತ್ತಾಂತ ಇದಕ್ಕೆ ಉತ್ತಮ ನಿದರ್ಶನ. 1838ರಲ್ಲಿ ಮ್ಯೊಟ್ಲಿಂಗೆನ್ ಎಂಬ ಹಳ್ಳಿಯ ಪಾದ್ರಿಯಾದ ಅವರು ಅಲ್ಲಿನ ಗೊಟ್ಲೀಬಿನ್ ಡಿಟುಸ್ ಎಂಬ ತರುಣಿಯ ವಿಚಿತ್ರ ಬಾಧೆಯನ್ನು ದೆವ್ವದ ಹಿಡಿತವೆಂದು ಬಗೆದು, 1842ರಿಂದ 1843ರ ಡಿಸೆಂಬರ್ ಕೊನೆಯವರೆಗೆ ಪ್ರಾರ್ಥನೆ ಉಪವಾಸಗಳಿಂದ ಹೋರಾಡಿದರು. ಮಂತ್ರ, ತಾಯಿತ, ವಿಧಿಗಳಾವುವನ್ನೂ ಅವರು ಬಳಸಲಿಲ್ಲ. ಕಡೆಯ ರಾತ್ರಿ ತರುಣಿಯ ಸೋದರಿಯ ಬಾಯಿಂದ 'ಯೇಸು ವಿಜಯಿ' ಎಂಬ ಕೂಗು ಹೊರಟಿತೆಂದು ಬ್ಲುಮ್‌ಹಾರ್ಟ್ ತಮ್ಮ ಸಭಾಧಿಕಾರಿಗಳಿಗೆ 1844ರಲ್ಲಿ ವರದಿ ಸಲ್ಲಿಸಿದರು. ವಿಚಾರವಾದಿಗಳು ನಕ್ಕರು. ಆದರೆ ಆ ಕೂಗು ಒಂದು ಘೋಷವಾಗಿ ಉಳಿದು ಇಪ್ಪತ್ತನೆಯ ಶತಮಾನದಲ್ಲಿ ಕಾರ್ಲ್ ಬಾರ್ಟ್ ಅವರಂಥ ದೇವಶಾಸ್ತ್ರಜ್ಞರ ಚಿಂತನೆಗೂ ವಿಷಯವಾಯಿತು.

ಕನ್ನಡ ಸಂಶೋಧಕನಿಗೆ ಇದರಲ್ಲಿ ಆಸಕ್ತಿಯ ಸಂಗತಿ ಇನ್ನೊಂದಿದೆ. ಪಾದ್ರಿಯಾಗುವ ಮುನ್ನ, 1830ರಿಂದ 1837ರವರೆಗೆ, ಬ್ಲುಮ್‌ಹಾರ್ಟ್ ಬಾಸೆಲ್ ಮಿಶನ್ನಿನ ಶಿಕ್ಷಣಾಲಯದಲ್ಲಿ ಅಧ್ಯಾಪಕರಾಗಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್, ಲೇನರ್, ಗ್ರೈನರ್ ಅವರೂ 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ ಅವರೂ ಆ ಶಿಕ್ಷಣಾಲಯದಿಂದಲೇ ಹೊರಟವರು. ಮ್ಯೊಟ್ಲಿಂಗೆನ್ನಿನ ಘಟನೆ ಇವರೆಲ್ಲ ಭಾರತಕ್ಕೆ ಬಂದ ಮೇಲಿನದು. ಆದ್ದರಿಂದ ಅದೇ ಇದಕ್ಕೆ ಕಾರಣವೆನ್ನುವಂತಿಲ್ಲ. ಒಂದೇ ಮಣ್ಣಿನ ಎರಡು ಬೆಳೆಗಳೆನ್ನಬಹುದು. ಇಷ್ಟಾದರೂ, ನೇಮದಲ್ಲಿ ಪಾತ್ರಿಯ ಮೈಮೇಲೆ ದೈವ ಬಂದುದನ್ನು ಕಂಡ ಮಿಶನರಿ 'ಇದು ವೇಷ, ಇದು ವಂಚನೆ' ಎಂದಷ್ಟೇ ಹೇಳಿ ಹಿಂದಿರುಗಬೇಕಾದ ಮನೋಧರ್ಮದವನಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಅವನ ತವರಿನಲ್ಲೂ ಅಂಥ ಶಕ್ತಿಗಳು ಮನುಷ್ಯರನ್ನು ಹಿಡಿಯುತ್ತಿದ್ದವು.

ಈ ಸಂದರ್ಭದಲ್ಲಿ ಪಾಲ್ ಹೀಬರ್ಟ್ ಅವರ ಪ್ರಸಿದ್ಧ ವಾದಕ್ಕೊಂದು ತಿದ್ದುಪಡಿ ಸೂಚಿಸಬೇಕಾಗುತ್ತದೆ. ಹೈದರಾಬಾದಿನ ಬಳಿಯ ಶಂಷಾಬಾದಿನಲ್ಲಿ 1932ರಲ್ಲಿ ಮಿಶನರಿ ಕುಟುಂಬದಲ್ಲಿ ಹುಟ್ಟಿದ ಈ ಮಾನವಶಾಸ್ತ್ರಜ್ಞರು 1982ರ ಲೇಖನವೊಂದರಲ್ಲಿ, ಪಾಶ್ಚಾತ್ಯ ಮಿಶನರಿಗಳ ಲೋಕದೃಷ್ಟಿಯಲ್ಲಿ ಮೇಲೆ ದೇವರೂ ಕೆಳಗೆ ವಿಜ್ಞಾನವೂ ಇದ್ದು, ಭೂತಪ್ರೇತ ದೃಷ್ಟಿದೋಷಗಳ ನಡುವಣ ಅಂತಸ್ತು ಲುಪ್ತವಾಗಿತ್ತೆಂದು ವಾದಿಸಿದರು. ತೆಲಂಗಾಣದ ಹಳ್ಳಿಗಳ ಅನುಭವದಿಂದ ಹುಟ್ಟಿದ ಈ ವಾದ ಇಪ್ಪತ್ತನೆಯ ಶತಮಾನದ ಅಮೆರಿಕನ್ ಮಿಶನರಿಗಳಿಗೆ ಚೆನ್ನಾಗಿ ಅನ್ವಯಿಸುತ್ತದೆ. ಆದರೆ ಮಂಗಳೂರಿನ ಮೊದಲ ತಲೆಮಾರಿನ ಬಾಸೆಲ್ ಮಿಶನರಿಗಳಿಗೆ ಆ ನಡುವಣ ಅಂತಸ್ತು ಲುಪ್ತವಾಗಿರಲಿಲ್ಲ, ಶತ್ರುಗಳಿಂದ ತುಂಬಿಹೋಗಿತ್ತು.

ಇನ್ನು ಶಬ್ದಗಳ ವಿಚಾರ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ವೇಳೆಗೆ ಸಮಗ್ರ ಬೈಬಲ್ ಕನ್ನಡದಲ್ಲಿ ಮುದ್ರಿತವಾಯಿತು. ಮುಂದೆ ಅದು ಪರಿಷ್ಕರಣಗಳಿಗೆ ಒಳಗಾಯಿತು. ಬಳಕೆಯಲ್ಲಿ ನೆಲೆನಿಂತ ಪಾಠದಲ್ಲಿ ದುಷ್ಟಶಕ್ತಿಗಳ ಒಡೆಯನಿಗೆ ಬಹುಮಟ್ಟಿಗೆ 'ಸೈತಾನ', ಅವನ ಕೈಕೆಳಗಿನವರಿಗೆ 'ದೆವ್ವ', ಪಾರಿಭಾಷಿಕ ಸಂದರ್ಭದಲ್ಲಿ 'ದುರಾತ್ಮ' ಎಂಬ ಶಬ್ದಗಳಿವೆ. 'ಸೈತಾನ' ಎಂಬ ರೂಪ ಅರಬ್ಬಿಯ 'ಶೈತಾನ್' ಶಬ್ದದ್ದು. ಅಂದರೆ ಕ್ರೈಸ್ತರ ಆದಿಶತ್ರುವಿಗೆ ಕನ್ನಡದಲ್ಲಿ ಹೆಸರು ದೊರೆತದ್ದು ಮುಸಲ್ಮಾನರ ನೆರೆಯಿಂದ. 'ಅಸುರ', 'ರಾಕ್ಷಸ' ಶಬ್ದಗಳಿಗೆ ಪುರಾಣಕಥೆಗಳ ಭಾರವಿತ್ತು. 'ದೆವ್ವ' ಶಬ್ದದ ಹಿನ್ನೆಲೆ ಇನ್ನೂ ಸ್ವಾರಸ್ಯಕರ. ಅದು ದೇವ–ದೈವ ಶಬ್ದಕುಲದ ತದ್ಭವ. ಮಿಶನರಿಗಳು ಬರುವುದಕ್ಕೆ ಮೊದಲೇ ಕನ್ನಡಿಗರ ಬಾಯಲ್ಲಿ ಪಿಶಾಚಿಯ ಅರ್ಥಕ್ಕೆ ಇಳಿದಿತ್ತು. ಹೀಗೆ ಗ್ರೀಕ್ 'ದೈಮೋನ್' ಕಂಡ ಅವನತಿಯನ್ನು ಕನ್ನಡದ 'ದೈವ' ತನ್ನ ತದ್ಭವದಲ್ಲಿ ತಾನೇ ಕಂಡಿತ್ತು. ಅನುವಾದಕರು ಮಾಡಿದ ಅಪಚಾರವೆಂದು ಇದನ್ನು ದೂರುವವರು ಈ ಅಂಶವನ್ನು ಗಮನಿಸಬೇಕು. ತೊಡಕು ಉಂಟಾದದ್ದು ತುಳುನಾಡಿನಲ್ಲಿ. ಏಕೆಂದರೆ ಅಲ್ಲಿ 'ದೈವ' ಶಬ್ದ ತನ್ನ ಗೌರವವನ್ನು ಕಳೆದುಕೊಂಡಿರಲಿಲ್ಲ, 'ಭೂತ' ಶಬ್ದವೂ ಬೆದರಿಕೆಯ ಜತೆಗೆ ಭಕ್ತಿಯನ್ನು ಹೊತ್ತಿತ್ತು. ಬಳ್ಳಾರಿಯ ಕನ್ನಡದಲ್ಲಿ ನಿರುಪದ್ರವಿಯಾಗಿದ್ದ ಸಮೀಕರಣ ಕರಾವಳಿಯಲ್ಲಿ ಮನೆದೇವರ ಮೇಲೆಯೇ ಹೊರಿಸಿದ ಆರೋಪವಾಯಿತು.

ಕೊಂಕಣಿಯಲ್ಲಿ ಇದರ ಪ್ರತಿಬಿಂಬವಿದೆ. 'ದೆವಚಾರ್' ಎಂದರೆ ಕ್ರೈಸ್ತ ಕೊಂಕಣಿಗರಿಗೆ ಸೈತಾನ. ಗೋವೆಯ ಹಿಂದೂಗಳಿಗೆ ಅದೇ ಹೆಸರು ಊರಿನ ಗಡಿ ಕಾಯುವ ರಕ್ಷಕಶಕ್ತಿಯದು.

ಆರೋಪ ಬರಿಯ ಮಾತಿನದಾಗಿ ಉಳಿಯಲಿಲ್ಲ. ಮಿಶನ್ ಸೇರಿದ ತುಳುವರಲ್ಲಿ ಬಿಲ್ಲವರ ಸಂಖ್ಯೆ ಗಣನೀಯ. ಅವರು ಅನೇಕ ದೈವಸ್ಥಾನಗಳ ಪೂಜಾರಿಗಳು, ಕೋಟಿ ಚೆನ್ನಯರ ಗರಡಿಗಳ ಒಕ್ಕಲು. ಅಂಥವನೊಬ್ಬ ದೀಕ್ಷಾಸ್ನಾನಕ್ಕೆ ನಿಂತು ಸೈತಾನನನ್ನೂ ಅವನ ಕ್ರಿಯೆಗಳನ್ನೂ ತ್ಯಜಿಸುವೆನೆಂದು ನುಡಿದಾಗ, ತ್ಯಜಿಸಿದ್ದು ಕೇವಲ ಒಂದು ನಂಬಿಕೆಯನ್ನಲ್ಲ. ದೈವವು ಮನೆತನದ ಸಾಕ್ಷಿ. ಗಡಿಯ ಜಗಳಕ್ಕೂ ಕಳವಿನ ಆರೋಪಕ್ಕೂ ತೀರ್ಪು ಕೇಳುವ ಕಟ್ಟೆ. ನೇಮದ ಕಾಣಿಕೆಯಿಂದ ಹಿಂದೆ ಸರಿದವನು ಒಡೆಯನೊಡನೆಯೂ ಊರೊಡನೆಯೂ ಸಂಬಂಧ ಕಡಿದುಕೊಂಡಂತೆಯೇ. ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗಬಾರದೆಂದು 1850ರ ಕಾಯಿದೆ ವಿಧಿಸಿತ್ತು. ಆದರೆ ಅಳಿಯಸಂತಾನದ ಕುಟುಂಬದಲ್ಲಿ ಪಾಲು ಕೇಳುವ ಹಕ್ಕೇ ಒಬ್ಬೊಬ್ಬ ಸದಸ್ಯನಿಗೆ ಇರಲಿಲ್ಲ. ಅದು ದೊರೆತದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯಿಂದ. ಹೀಗಾಗಿ ಕಾಗದದ ರಕ್ಷಣೆ ಮನೆಬಿಟ್ಟವನಿಗೆ ದಕ್ಕುವಂತಿರಲಿಲ್ಲ. ಕಳ್ಳು ಇಳಿಸುವ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲವಾದ್ದರಿಂದ ಆ ದಾರಿಯೂ ಮುಚ್ಚಿತು. 1851ರಲ್ಲಿ ಆರಂಭವಾದ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ತೊಡಗಿದ ಹೆಂಚಿನ ಕಾರ್ಖಾನೆ ಇವುಗಳನ್ನು ಕೈಗಾರಿಕೆಯ ಇತಿಹಾಸದಲ್ಲಿ ಮಾತ್ರ ಇರಿಸಿ ನೋಡುವುದು ವಾಡಿಕೆ. ದೈವದ ಅಂಗಳದಿಂದ ಹೊರಬಂದವರಿಗೆ ಅನ್ನದ ದಾರಿ ಬೇಕಾಗಿತ್ತೆಂಬುದನ್ನೂ ಅದರ ಜತೆಗೆ ಎಣಿಸಬೇಕು. ಮಂಗಳೂರು ಹೆಂಚಿನ ಕಥೆಯಲ್ಲಿ ಸೈತಾನನಿಗೂ ಒಂದು ಪಾಲಿದೆಯೆಂದರೆ ಅತಿಶಯೋಕ್ತಿಯಾಗದು.

ಶತ್ರುವನ್ನು ನಿಜವೆಂದು ನಂಬಿದವನು ಅವನ ಹೆಸರು, ಹುಟ್ಟು, ಸಂಚಾರಗಳನ್ನು ಅರಿಯಬಯಸುತ್ತಾನೆ. ಮಿಶನ್ನಿನ ಅಚ್ಚುಕೂಟದಿಂದ 1886ರಲ್ಲಿ ಹೊರಬಂದ ಪಾಡ್ದನಗಳ ಸಂಗ್ರಹಕ್ಕೂ ಅದೇ ವರ್ಷದ ತುಳು–ಇಂಗ್ಲಿಷ್ ನಿಘಂಟಿಗೂ ಕರ್ತೃ ಮಿಶನರಿ ಆಗಸ್ಟ್ ಮ್ಯಾನರ್. ದೈವಗಳು ನೆಲೆಯಿಂದ ನೆಲೆಗೆ ಸಾಗಿದ ಕಥೆಗಳು ಕನ್ನಡ ಲಿಪಿಯಲ್ಲಿ ಮುದ್ರಣಗೊಂಡದ್ದು, ಅವನ್ನು ಪಿಶಾಚಿಗಳ ಕಥೆಗಳೆಂದು ಬಗೆದವರ ಕೈಯಿಂದ. ಇದರಲ್ಲಿ ಭಾಷಾಪ್ರೀತಿಯ ಪಾಲು ಎಷ್ಟು, ಸಮರತಂತ್ರದ ಪಾಲು ಎಷ್ಟು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ. ಬೇರ್ಪಡಿಸಲು ಹೊರಡುವುದೂ ಅಷ್ಟು ಸರಿಯಲ್ಲವೆಂದು ನನ್ನ ಭಾವನೆ. ಬರ್ನೆಲ್ ಅವರ ಸಂಗ್ರಹದ ಭಾಷಾಂತರದಲ್ಲಿಯೂ ಮ್ಯಾನರ್ ಅವರ ಕೈಯಿತ್ತು.

ಹೀಗೆ ನಾವು ಮತ್ತೆ ಆ ಶೀರ್ಷಿಕೆಗೆ ಬರುತ್ತೇವೆ. ಬರ್ನೆಲ್ ಮಿಶನರಿಯಲ್ಲ; ಮದ್ರಾಸ್ ಸರಕಾರದ ನ್ಯಾಯಾಧೀಶರು, ಸಂಸ್ಕೃತ ವಿದ್ವಾಂಸರು. ಅವರಂತೆಯೇ ಅಧಿಕಾರಿಯಾಗಿದ್ದ ವಾಲ್‌ಹೌಸ್ ಕೂಡ ಭೂತಗಳ ನಂಬಿಕೆಯನ್ನು ಕುರಿತ 1876ರ ತಮ್ಮ ಲೇಖನದ ಶೀರ್ಷಿಕೆಯಲ್ಲಿ 'ಡೆವಿಲ್' ಶಬ್ದವನ್ನು ಬಳಸಿದ್ದರು. ಮಿಶನರಿಯ ಬಾಯಲ್ಲಿ ಆ ಶಬ್ದ ಒಂದು ದೇವಶಾಸ್ತ್ರದ ನಿರ್ಣಯವಾಗಿತ್ತು. ಅದರ ಹಿಂದೆ ಭಯವಿತ್ತು, ಒಂದು ಬಗೆಯ ಮನ್ನಣೆಯೂ ಇತ್ತು. ಅಧಿಕಾರಿಗಳ ಬರಹದಲ್ಲಿ ಅದು ವರ್ಗೀಕರಣದ ಚೀಟಿಯಾಯಿತು: ನಂಬಿಕೆ ಉದುರಿಹೋಗಿ ನಿಂದೆ ಮಾತ್ರ ಉಳಿಯಿತು. ವಿದ್ವತ್ಪ್ರಪಂಚ ಆನುವಂಶಿಕವಾಗಿ ಪಡೆದದ್ದು ಈ ಎರಡನೆಯ ರೂಪವನ್ನು.

ಮೊದಲನೆಯ ರೂಪವೂ ಸತ್ತಿಲ್ಲ. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಪೀಟರ್ ವ್ಯಾಗ್ನರ್ ಮೊದಲಾದವರು, ಒಂದೊಂದು ಪ್ರದೇಶವನ್ನೂ ಆಳುವ ದುರಾತ್ಮಗಳಿವೆ, ಅವನ್ನು ಹೆಸರಿಟ್ಟು ಗುರುತಿಸಿ ಪ್ರಾರ್ಥನೆಯಿಂದ ಬಂಧಿಸಬೇಕು ಎಂಬ ಬೋಧನೆಯನ್ನು ಹಬ್ಬಿಸಿದರು. ಸುವಾರ್ತಾವಾದಿಗಳ ಲೌಸಾನ್ ಸಮಿತಿಯ ಒಂದು ವಿಭಾಗ 1993ರಲ್ಲಿ ಈ ಉತ್ಸಾಹದ ಬಗ್ಗೆ ಎಚ್ಚರಿಕೆಯ ಹೇಳಿಕೆಯನ್ನೇ ಹೊರಡಿಸಬೇಕಾಯಿತು. ಊರೂರಿಗೊಂದು ಅದೃಶ್ಯ ಒಡೆತನವಿದೆಯೆಂಬ ಈ ಭೂಪಟವನ್ನು ತುಳುನಾಡಿನ ಹಿರಿಯರೊಬ್ಬರಿಗೆ ತೋರಿಸಿದರೆ ಅವರಿಗೆ ಅದರಲ್ಲಿ ಹೊಸದೇನೂ ಕಾಣಿಸಲಾರದು. ಒಡೆಯನನ್ನು ಓಡಿಸಬೇಕೇಕೆ ಎಂದಷ್ಟೇ ಅವರು ಕೇಳಿಯಾರು.

ಕೆ. ಚಿನ್ನಪ್ಪ ಗೌಡರು ತಮ್ಮ ಅಧ್ಯಯನಕ್ಕೆ 1990ರಲ್ಲಿ 'ಭೂತಾರಾಧನೆ' ಎಂದು ನಿಸ್ಸಂಕೋಚವಾಗಿ ಹೆಸರಿಡಬಹುದಾಗಿತ್ತು. ಅಲ್ಲಿಂದೀಚೆಗೆ 'ಭೂತ' ಎಂದರೆ ಕೀಳುಮಾಡಿದಂತೆ, 'ದೈವಾರಾಧನೆ' ಎಂದೇ ಬರೆಯಬೇಕು ಎಂಬ ಆಗ್ರಹ ಕರಾವಳಿಯಲ್ಲಿ ಬಲಗೊಂಡಿದೆ. ಆಗ್ರಹಿಸುವವರು ಸಾಮಾನ್ಯವಾಗಿ ಬರ್ನೆಲ್‌ರನ್ನು ಓದಿದವರಲ್ಲ. ಹಾಗಿದ್ದೂ ಅವರು ಉತ್ತರ ಕೊಡುತ್ತಿರುವುದು ಆ ಶೀರ್ಷಿಕೆಗೇ.