ಒಡೆದ ಮನೆಯ ಮತಲೆಕ್ಕ: ಕರ್ನಾಟಕದ ಚುನಾವಣೆಗಳಲ್ಲಿ ಮತ ವಿಭಜನೆ

1989ರ ವಿಧಾನಸಭಾ ಚುನಾವಣೆಯಲ್ಲಿ ಜನತಾ ದಳಕ್ಕೆ ಬಂದ ಮತ ಶೇ 27.08. ದಳ ಸೇರದೆ ಹಳೆಯ ಜನತಾ ಪಕ್ಷದ ಹೆಸರಿನಲ್ಲೇ ಕಣಕ್ಕಿಳಿದ ಎಚ್.ಡಿ. ದೇವೇಗೌಡರ ಬಣಕ್ಕೆ ಬಂದದ್ದು ಶೇ 11.34. ಎರಡೂ ಸೇರಿ ಶೇ 38.42 ಆಯಿತು, ಗೆದ್ದದ್ದು ಮಾತ್ರ ಒಬ್ಬರು 24, ಇನ್ನೊಬ್ಬರು 2 ಸ್ಥಾನ. ಐದು ವರ್ಷಗಳ ನಂತರ, 1994ರಲ್ಲಿ, ಮತ್ತೆ ಒಂದಾದ ಜನತಾ ದಳಕ್ಕೆ ಸಿಕ್ಕಿದ್ದು ಶೇ 33.54. ಒಡೆದಿದ್ದಾಗ ಬಂದದ್ದಕ್ಕಿಂತ ಶೇ 5ರಷ್ಟು ಕಡಿಮೆ. ಸ್ಥಾನಗಳು 115, ಸ್ವಂತ ಬಲದ ಸರ್ಕಾರ, ದೇವೇಗೌಡರು ಮುಖ್ಯಮಂತ್ರಿ.

ಮತ ಕಡಿಮೆಯಾದರೂ ಸ್ಥಾನ ನಾಲ್ಕು ಪಟ್ಟಿಗೂ ಮಿಗಿಲಾದ ಈ ಲೆಕ್ಕದ ಉತ್ತರ ಅರ್ಧ ಜನತಾ ಪರಿವಾರದಲ್ಲಿದೆ, ಇನ್ನರ್ಧ ಕಾಂಗ್ರೆಸ್ಸಿನಲ್ಲಿದೆ. 1989ರಲ್ಲಿ ಶೇ 43.76 ಮತ ಪಡೆದು 178 ಸ್ಥಾನ ಬಾಚಿಕೊಂಡಿದ್ದ ಕಾಂಗ್ರೆಸ್ 1994ರಲ್ಲಿ ಶೇ 26.95ಕ್ಕೆ ಇಳಿದು, 34 ಸ್ಥಾನದೊಂದಿಗೆ 40 ಸ್ಥಾನ ಗೆದ್ದ ಬಿಜೆಪಿಗಿಂತಲೂ ಹಿಂದೆ ಬಿತ್ತು. 1992ರಲ್ಲಿ ಮುಖ್ಯಮಂತ್ರಿ ಸ್ಥಾನ ಕಳೆದುಕೊಂಡು ಮುಂದೆ ಪಕ್ಷದಿಂದ ಹೊರಬಂದ ಎಸ್. ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ ಶೇ 7.31 ಮತ ಮತ್ತು 10 ಸ್ಥಾನ ಪಡೆಯಿತು. ಎರಡು ಕಾಂಗ್ರೆಸ್ಸುಗಳ ಮತ ಕೂಡಿಸಿದರೆ ಶೇ 34.26, ಅಂದರೆ ಗೆದ್ದ ಜನತಾ ದಳಕ್ಕಿಂತ ಕೂದಲೆಳೆಯಷ್ಟು ಹೆಚ್ಚು. 1989ರಲ್ಲಿ ಒಡೆದ ಮನೆ ಜನತಾ ಪರಿವಾರದ್ದು, 1994ರಲ್ಲಿ ಕಾಂಗ್ರೆಸ್ಸಿನದು.

ಮತ ವಿಭಜನೆಯ ಚರ್ಚೆ ಸಾಮಾನ್ಯವಾಗಿ ಎರಡು ದೊಡ್ಡ ಪಕ್ಷಗಳ ನಡುವೆ ಹೊರಗಿನಿಂದ ಬಂದು ನುಗ್ಗುವ ಮೂರನೆಯವನ ಸುತ್ತ ನಡೆಯುತ್ತದೆ. ಕರ್ನಾಟಕದ ದಾಖಲೆಗಳನ್ನು ನೋಡಿದರೆ ಕಾಣುವ ಚಿತ್ರವೇ ಬೇರೆ. ಇಲ್ಲಿ ಫಲಿತಾಂಶ ತಿರುಗಿಸಿದ ಮೂರನೆಯವರು ಬಹುಪಾಲು ಹೊರಗಿನವರಲ್ಲ, ದೊಡ್ಡ ಪಕ್ಷದ ಒಳಗೇ ಬೆಳೆದು, ಟಿಕೆಟ್ಟಿಗೋ ಕುರ್ಚಿಗೋ ಮುನಿದು ಹೊರನಡೆದವರು. ಅವರು ಎಷ್ಟು ಮತ ಪಡೆದರು ಎನ್ನುವುದಕ್ಕಿಂತ ಆ ಮತ ಯಾರ ಮನೆಯದು ಎನ್ನುವುದು ಮುಖ್ಯ. ಇದನ್ನು ಕೇಳದೆ ಎಣಿಕೆಯ ದಿನ ಟಿವಿ ಪರದೆಯ ಮೇಲೆ ಎರಡನೆಯವರ ಮತಕ್ಕೆ ಮೂರನೆಯವರ ಮತ ಕೂಡಿಸುವುದು ಬರೀ ಕೂಡುಲೆಕ್ಕ.

ಆ ಕೂಡುಲೆಕ್ಕ ಎಷ್ಟು ಸಡಿಲವೆಂಬುದಕ್ಕೆ ಎರಡು ಪ್ರಸಂಗಗಳು ಸಾಕು. 2000ದ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲೋರಿಡಾ ರಾಜ್ಯವನ್ನು ಜಾರ್ಜ್ ಬುಷ್ ಗೆದ್ದದ್ದು 537 ಮತಗಳಿಂದ. ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅಲ್ಲಿ 97,488 ಮತ ಪಡೆದಿದ್ದರು. ಡೆಮಾಕ್ರಾಟ್ ಅಭ್ಯರ್ಥಿ ಅಲ್ ಗೋರ್ ಅವರ ಸೋಲನ್ನು ಇಂದಿಗೂ ನೇಡರ್ ತಲೆಗೆ ಕಟ್ಟಲಾಗುತ್ತದೆ. ಆದರೆ ಅಲ್ಲಿನ ಮತಪತ್ರದಲ್ಲಿ ಹೆಸರಿದ್ದ ಸಣ್ಣ ಪಕ್ಷಗಳ ಅಭ್ಯರ್ಥಿಗಳೆಲ್ಲರೂ, ಎಡಪಂಥದವರು ಬಲಪಂಥದವರು ಎನ್ನದೆ, 537ಕ್ಕಿಂತ ಹೆಚ್ಚು ಮತ ಪಡೆದಿದ್ದರು. ಹಾಗೆ ನೋಡಿದರೆ ಗೋರ್ ಸೋಲಿಗೆ ಅವರಲ್ಲಿ ಯಾರನ್ನಾದರೂ ಹೊಣೆ ಮಾಡಬಹುದು. ನಮ್ಮಲ್ಲೇ, 2004ರಲ್ಲಿ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ ಪಡೆದರು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಅಂತರ ಒಂದೇ ಮತ. ಅಂಥ ಕಣದಲ್ಲಿ ಎರಡೇ ಮತ ಪಡೆದ ಪಕ್ಷೇತರನನ್ನೂ ಮತ ವಿಭಜಕನೆಂದು ಕರೆಯಬಹುದು. ಹಾಗೆ ಕರೆದು ತಿಳಿಯುವುದೇನೂ ಇಲ್ಲ.

ಹಾಗಾಗಿ ಒಂದೇ ಚುನಾವಣೆಯನ್ನು ನೋಡದೆ ಮೂರನ್ನು ಒಟ್ಟಿಗಿಟ್ಟು ನೋಡಬೇಕು: ಒಡಕಿನ ಮುಂಚಿನದು, ಒಡಕಿನದು, ಮತ್ತೆ ಕೂಡಿದ ಮೇಲಿನದು. ಒಡೆದ ತುಂಡುಗಳ ಮೊತ್ತ ಹಿಂದಿನ ಮತಪ್ರಮಾಣದ ಹತ್ತಿರವಿದ್ದು, ಕೂಡಿದ ಮೇಲೂ ಅಲ್ಲಿಗೇ ಮರಳಿದರೆ ಮತ ನಿಜವಾಗಿ ಒಡೆದಿತ್ತು ಎನ್ನಬಹುದು. ಮೊತ್ತವೇ ಕುಸಿದಿದ್ದರೆ ಜನ ಒಡಕಿಗೂ ಮೊದಲೇ ಬೇಸತ್ತಿದ್ದರು ಎಂದರ್ಥ.

ಈ ಒರೆಗಲ್ಲಿಗೆ 1989ನ್ನು ಉಜ್ಜಿ ನೋಡಿದರೆ ಬಣ್ಣ ಸ್ವಲ್ಪ ಮಾಸುತ್ತದೆ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಶೇ 43ಕ್ಕೂ ಹೆಚ್ಚು ಮತ ಪಡೆದು 139 ಸ್ಥಾನ ಗೆದ್ದಿತ್ತು. 1988ರಲ್ಲಿ ಹೆಗಡೆ ರಾಜೀನಾಮೆ, 1989ರ ಏಪ್ರಿಲ್‌ನಲ್ಲಿ ಅವರ ನಂತರ ಬಂದ ಎಸ್.ಆರ್. ಬೊಮ್ಮಾಯಿ ಸರ್ಕಾರದ ವಜಾ, ನಡುವೆ ಕೊನೆಮೊದಲಿಲ್ಲದ ಒಳಜಗಳ. ಎರಡೂ ಬಣ ಕೂಡಿದರೂ ಶೇ 38ರ ಆಸುಪಾಸಿನಲ್ಲೇ ನಿಲ್ಲುತ್ತಿದ್ದವು, ಕಾಂಗ್ರೆಸ್ ಅವರಿಗಿಂತ ಶೇ 5ರಷ್ಟು ಮುಂದಿತ್ತು. ಒಡಕು ಸೋಲನ್ನು ನುಚ್ಚುನೂರು ಮಾಡಿತೇ ಹೊರತು ಸೋಲನ್ನು ಹುಟ್ಟಿಸಲಿಲ್ಲ. ಸ್ವತಃ ದೇವೇಗೌಡರೇ ಆ ಸಲ ಹೊಳೆನರಸೀಪುರದಲ್ಲಿ ಸೋತರು. 1994ರ ಕಾಂಗ್ರೆಸ್ಸಿನ ಕಥೆಯೂ ಅರ್ಧ ಅಷ್ಟೇ: 1989ರ ಶೇ 43.76ಕ್ಕೆ ಹೋಲಿಸಿದರೆ ಎರಡು ಕಾಂಗ್ರೆಸ್ಸುಗಳ ಒಟ್ಟು ಮತದಲ್ಲೇ ಶೇ 9ಕ್ಕೂ ಹೆಚ್ಚು ಕರಗಿಹೋಗಿತ್ತು. ಬಿಜೆಪಿ ಶೇ 4ರಿಂದ ಶೇ 17ಕ್ಕೆ ಏರಿತ್ತು. ಬಂಗಾರಪ್ಪ ಹೊರಹೋಗದಿದ್ದರೂ ಕಾಂಗ್ರೆಸ್ ಬಹುಮತ ಉಳಿಸಿಕೊಳ್ಳುವುದು ಕಷ್ಟವಿತ್ತು, ಮೂರನೇ ಸ್ಥಾನಕ್ಕೆ ಇಳಿಯುತ್ತಿರಲಿಲ್ಲ ಅಷ್ಟೆ.

ಇನ್ನೂ ಹಿಂದಕ್ಕೆ ಹೋದರೆ 1978 ಇದೆ. ಆ ವರ್ಷದ ಆರಂಭದಲ್ಲಿ ರಾಷ್ಟ್ರಮಟ್ಟದಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು. ಕರ್ನಾಟಕದಲ್ಲಿ ದೇವರಾಜ ಅರಸು ಇಂದಿರಾ ಗಾಂಧಿಯವರ ಜೊತೆ ನಿಂತರು. ಇಂದಿರಾ ಕಾಂಗ್ರೆಸ್ 149 ಸ್ಥಾನ ಗೆದ್ದರೆ ಇನ್ನೊಂದು ಕಾಂಗ್ರೆಸ್ ಶೇ 8ರ ಹತ್ತಿರ ಮತ ಪಡೆದೂ ಎರಡೇ ಸ್ಥಾನಕ್ಕೆ ನಿಂತಿತು. ಮತದಾರನ ಪಾಲಿಗೆ ಮನೆ ಯಾವುದೆಂಬುದು ಅಲ್ಲಿ ತೀರ್ಮಾನವಾಗಿಬಿಟ್ಟಿತ್ತು.

ಒರೆಗಲ್ಲಿನ ಮೇಲೆ ಅಪ್ಪಟವಾಗಿ ಹೊಳೆಯುವುದು 2013. ಬಿ.ಎಸ್. ಯಡಿಯೂರಪ್ಪನವರು 2011ರ ಜುಲೈ ಕೊನೆಯಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. 2012ರ ನವೆಂಬರ್ ಕೊನೆಗೆ ಬಿಜೆಪಿ ಬಿಟ್ಟು, ಡಿಸೆಂಬರ್‌ನಲ್ಲಿ ಹಾವೇರಿಯ ಸಮಾವೇಶದಲ್ಲಿ ಕರ್ನಾಟಕ ಜನತಾ ಪಕ್ಷದ (ಕೆಜೆಪಿ) ನಾಯಕತ್ವ ವಹಿಸಿಕೊಂಡರು. ಚಿಹ್ನೆ ತೆಂಗಿನಕಾಯಿ. ಅತ್ತ ಬಳ್ಳಾರಿಯಲ್ಲಿ ಬಿಜೆಪಿಯಿಂದಲೇ ಹೊರಬಂದ ಬಿ. ಶ್ರೀರಾಮುಲು ಬಿಎಸ್‌ಆರ್ ಕಾಂಗ್ರೆಸ್ ಕಟ್ಟಿದ್ದರು. 2008ರಲ್ಲಿ ಶೇ 33.86 ಮತದಿಂದ 110 ಸ್ಥಾನ ಗೆದ್ದಿದ್ದ ಬಿಜೆಪಿ 2013ರಲ್ಲಿ ಶೇ 19.9ಕ್ಕೆ ಬಂತು, 40 ಸ್ಥಾನಕ್ಕೆ ಕುಸಿಯಿತು. ಕೆಜೆಪಿಗೆ ಶೇ 9.8 ಮತ, 6 ಸ್ಥಾನ. ಬಿಎಸ್‌ಆರ್‌ಗೆ ಶೇ 2.7 ಮತ, 4 ಸ್ಥಾನ. ಮೂರನ್ನೂ ಕೂಡಿಸಿ: ಶೇ 32.4. ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡ, ಗಣಿ ಹಗರಣದಲ್ಲಿ ಮುಳುಗೆದ್ದ ಪಕ್ಷದ ಮತ ಒಟ್ಟಾರೆ ಕರಗಿದ್ದು ಶೇ 1.5ರಷ್ಟು ಮಾತ್ರ. ಕಾಂಗ್ರೆಸ್ ಏರಿದ್ದೂ ಅಷ್ಟೇ, ಶೇ 34.76ರಿಂದ ಶೇ 36.6ಕ್ಕೆ. ಸ್ಥಾನಗಳು ಮಾತ್ರ 80ರಿಂದ 122ಕ್ಕೆ ಜಿಗಿದವು.

ಶಿವಮೊಗ್ಗ ನಗರ ಕ್ಷೇತ್ರವನ್ನು ಹತ್ತಿರದಿಂದ ನೋಡೋಣ. ಬಿಜೆಪಿಯ ರಾಜ್ಯ ಘಟಕವನ್ನು ಕಟ್ಟಿದವರಲ್ಲಿ ಯಡಿಯೂರಪ್ಪನವರ ಸರಿಸಮಾನರಾದ, ಆಗ ಉಪಮುಖ್ಯಮಂತ್ರಿಯಾಗಿದ್ದ ಕೆ.ಎಸ್. ಈಶ್ವರಪ್ಪ ಅಲ್ಲಿನ ಹುರಿಯಾಳು. ಎದುರಿಗೆ ಕೆಜೆಪಿಯಿಂದ ಎಸ್. ರುದ್ರೇಗೌಡ. ಕಾಂಗ್ರೆಸ್ಸಿನ ಕೆ.ಬಿ. ಪ್ರಸನ್ನಕುಮಾರ್ 39 ಸಾವಿರ ಚಿಲ್ಲರೆ ಮತ ಪಡೆದು ರುದ್ರೇಗೌಡರನ್ನು 278 ಮತಗಳಿಂದ ಸೋಲಿಸಿದರು. ಈಶ್ವರಪ್ಪ 33 ಸಾವಿರ ಚಿಲ್ಲರೆಯೊಂದಿಗೆ ಮೂರನೆಯವರು. ಕಮಲ ಮತ್ತು ತೆಂಗಿನಕಾಯಿಯ ಮತ ಸೇರಿದರೆ 72 ಸಾವಿರ ದಾಟುತ್ತಿತ್ತು. 2018ರಲ್ಲಿ ಇದೇ ಈಶ್ವರಪ್ಪ, ಇದೇ ಪ್ರಸನ್ನಕುಮಾರ್, ತೆಂಗಿನಕಾಯಿ ಇಲ್ಲ: ಈಶ್ವರಪ್ಪ ಲಕ್ಷ ದಾಟಿದರು, ಅಂತರ 46 ಸಾವಿರ. ಇಲ್ಲಿ ಯಾರು ಯಾರ ಮತ ಒಡೆದರು ಎಂಬ ಪ್ರಶ್ನೆಯಲ್ಲೂ ಒಂದು ಸ್ವಾರಸ್ಯವಿದೆ. ಎರಡನೇ ಸ್ಥಾನದಲ್ಲಿದ್ದದ್ದು ಹೊಸ ಪಕ್ಷ, ಮೂರನೆಯದು ಆಳುವ ಪಕ್ಷ. ಕೆಜೆಪಿಯ ಕಡೆಯಿಂದ ನೋಡಿದರೆ ಮತ ಒಡೆದವರು ಈಶ್ವರಪ್ಪನವರೇ.

ಆದರೂ 2013ರ ಗೆಲುವನ್ನು ಪೂರ್ತಿ ಒಡಕಿನ ಖಾತೆಗೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ವಿಧಾನಸಭೆಗೆ ಮೊದಲು, ಮಾರ್ಚ್‌ನಲ್ಲಿ ನಡೆದ ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲೇ ಕಾಂಗ್ರೆಸ್ ಮೊದಲ ಸ್ಥಾನಕ್ಕೆ ಬಂದಿತ್ತು. ಒಡಕಿಲ್ಲದಿದ್ದರೆ ಅತಂತ್ರ ವಿಧಾನಸಭೆ ಬರುತ್ತಿತ್ತೆಂದು ಊಹಿಸಬಹುದು, ಬಿಜೆಪಿ ಮರಳುತ್ತಿತ್ತೆಂದು ಹೇಳಲಾಗದು. 2014ರ ಜನವರಿಯಲ್ಲಿ ಯಡಿಯೂರಪ್ಪ ಮರಳಿದರು, ಆಮೇಲೆ ಶ್ರೀರಾಮುಲು ಕೂಡ. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಶೇ 43 ಮತ ಮತ್ತು 17 ಸ್ಥಾನ ಪಡೆಯಿತು. ಅದರಲ್ಲಿ ಮನೆ ಕೂಡಿದ ಫಲವೆಷ್ಟು, ಮೋದಿ ಅಲೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಕೂಡುಲೆಕ್ಕ ದಾರಿ ತಪ್ಪಿಸುವುದು ಎಲ್ಲಿ ಎನ್ನುವುದಕ್ಕೆ ಜೆಡಿಎಸ್‌ನ ಇತಿಹಾಸವೇ ಪಾಠ. 1999ರಲ್ಲಿ ಜೆ.ಎಚ್. ಪಟೇಲರ ಜನತಾ ದಳ ಬಿಜೆಪಿಯ ಕಡೆ ಹೊರಳಿದಾಗ ಅದನ್ನು ಒಪ್ಪದ ದೇವೇಗೌಡರು ಜೆಡಿಎಸ್ ಕಟ್ಟಿದರು. ಆ ಚುನಾವಣೆಯಲ್ಲಿ ಬಿಜೆಪಿ ಶೇ 20.69, ಅದರ ಮಿತ್ರ ಜೆಡಿಯು ಶೇ 13.53, ಜೆಡಿಎಸ್ ಶೇ 10.42. ಒಟ್ಟು ಶೇ 44.64, ಗೆದ್ದ ಕಾಂಗ್ರೆಸ್ಸಿನ ಶೇ 40.84ಕ್ಕಿಂತ ಹೆಚ್ಚು. ಆದರೆ ಬಿಜೆಪಿಯ ಜೊತೆ ಹೋಗಬಾರದೆಂದೇ ಹುಟ್ಟಿದ ಪಕ್ಷದ ಮತವನ್ನು ಬಿಜೆಪಿಯ ಮತಕ್ಕೆ ಕೂಡಿಸುವುದು ಹೇಗೆ? ಅದೇ ಪಕ್ಷ 2004ರಲ್ಲಿ ಕಾಂಗ್ರೆಸ್ ಜೊತೆ, 2006ರಲ್ಲಿ ಬಿಜೆಪಿ ಜೊತೆ, 2018ರಲ್ಲಿ ಮತ್ತೆ ಕಾಂಗ್ರೆಸ್ ಜೊತೆ ಸರ್ಕಾರ ನಡೆಸಿತು, 2023ರಲ್ಲಿ ಮತ್ತೆ ಬಿಜೆಪಿಯ ಕೈ ಹಿಡಿಯಿತು. ಮತದಾರನ ಎರಡನೇ ಆಯ್ಕೆ ಹಾಗಿರಲಿ, ಪಕ್ಷಕ್ಕೇ ತನ್ನ ಎರಡನೇ ಆಯ್ಕೆ ಯಾವುದೆಂದು ಖಚಿತವಿರಲಿಲ್ಲ.

ಜೆಡಿಎಸ್ಸನ್ನು ‘ಮೂರನೆಯ ಪಕ್ಷ’ ಎನ್ನುವುದೂ ಬೆಂಗಳೂರಿನಲ್ಲಿ ಕುಳಿತು ಮಾಡುವ ಲೆಕ್ಕ. ಮಂಡ್ಯ, ಹಾಸನಗಳಲ್ಲಿ ಅದು ಒಂದನೆಯದು ಅಥವಾ ಎರಡನೆಯದು. ಅಲ್ಲಿ ಬಹುಕಾಲ ಮೂರನೆಯದಾಗಿದ್ದದ್ದು ಬಿಜೆಪಿ. ಕರಾವಳಿಗೆ, ಬೆಳಗಾವಿ ಸೀಮೆಗೆ ಹೋದರೆ ಕಾಂಗ್ರೆಸ್ ಮತ್ತು ಬಿಜೆಪಿ ಎದುರಾಬದುರು, ಜೆಡಿಎಸ್ ಹೆಸರಿಗಷ್ಟೆ. ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿ ಎರಡು ಪಕ್ಷಗಳ ವ್ಯವಸ್ಥೆಯತ್ತ ಒಯ್ಯುತ್ತದೆ ಎಂದು ಫ್ರೆಂಚ್ ವಿದ್ವಾಂಸ ಮಾರಿಸ್ ಡುವರ್ಜೆ 1951ರಲ್ಲಿ ವಾದಿಸಿದ್ದ. ಅದು ನಮ್ಮಲ್ಲಿ ಕ್ಷೇತ್ರದ ಮಟ್ಟದಲ್ಲಿ ನಿಜ, ರಾಜ್ಯದ ಮಟ್ಟದಲ್ಲಿ ಸುಳ್ಳು. ಕಾಂಗ್ರೆಸ್ 2004, 2008, 2018ರಲ್ಲಿ ಅತಿ ಹೆಚ್ಚು ಮತ ಪಡೆದೂ ಸ್ಥಾನಗಳಲ್ಲಿ ಬಿಜೆಪಿಗಿಂತ ಹಿಂದುಳಿದದ್ದಕ್ಕೆ ಕಾರಣವೂ ಇಲ್ಲೇ ಇದೆ. ಅದರ ಮತ ರಾಜ್ಯವಿಡೀ ಹರಡಿದೆ, ಉಳಿದಿಬ್ಬರದು ತಮ್ಮ ತಮ್ಮ ಸೀಮೆಯಲ್ಲಿ ಗಟ್ಟಿಯಾಗಿದೆ. ಇದನ್ನು ಮತ ವಿಭಜನೆ ಎಂದು ಕರೆಯುವುದು ತಪ್ಪು.

2019 ಕೂಡುಲೆಕ್ಕವನ್ನು ಮೈದಾನದಲ್ಲೇ ಪರೀಕ್ಷೆಗೊಡ್ಡಿತು. 2018ರ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 38, ಜೆಡಿಎಸ್‌ಗೆ ಶೇ 18, ಬಿಜೆಪಿಗೆ ಶೇ 36. ಲೋಕಸಭೆಗೆ ಮೊದಲೆರಡೂ ಕೈಜೋಡಿಸಿದವು, ಕಾಗದದ ಮೇಲೆ ಶೇ 56. ಫಲಿತಾಂಶದಲ್ಲಿ 28ರಲ್ಲಿ 25 ಸ್ಥಾನ ಬಿಜೆಪಿಗೆ ಹೋದವು, ಮೈತ್ರಿಕೂಟಕ್ಕೆ ಉಳಿದದ್ದು ಎರಡು. ತುಮಕೂರಿನಲ್ಲಿ ದೇವೇಗೌಡರೇ 13,339 ಮತಗಳಿಂದ ಸೋತರು. ಮಂಡ್ಯ ಲೋಕಸಭಾ ಕ್ಷೇತ್ರದ ಎಂಟೂ ವಿಧಾನಸಭಾ ಕ್ಷೇತ್ರಗಳನ್ನು ಒಂದು ವರ್ಷದ ಹಿಂದಷ್ಟೇ ಜೆಡಿಎಸ್ ಗೆದ್ದಿತ್ತು. ಅಲ್ಲಿ ಮೈತ್ರಿಕೂಟದ ನಿಖಿಲ್ ಕುಮಾರಸ್ವಾಮಿಯವರನ್ನು ಪಕ್ಷೇತರ ಅಭ್ಯರ್ಥಿ ಸುಮಲತಾ 1,25,876 ಮತಗಳಿಂದ ಸೋಲಿಸಿದರು. ಊರೂರಿನಲ್ಲಿ ದಶಕಗಟ್ಟಲೆ ಪರಸ್ಪರ ಮೀಸೆ ತಿರುವಿದ ಕಾರ್ಯಕರ್ತರಿಗೆ ಮೇಲಿನಿಂದ ಬಂದ ಹೊಂದಾಣಿಕೆ ರುಚಿಸಲಿಲ್ಲ. ಆ ಕಣದಲ್ಲಿ ಸುಮಲತಾ ಎಂಬ ಹೆಸರಿನವರೇ ಇನ್ನೂ ಮೂವರಿದ್ದರು. ಹೆಸರು ನೋಡಿ ಗುಂಡಿ ಒತ್ತುವ ಮತದಾರ ಗೊಂದಲಕ್ಕೆ ಬೀಳುವ ಸಂದರ್ಭವಿದು. ಇಲ್ಲಿ ಮತದಾರ ಕಹಳೆ ಊದುವ ರೈತನ ಚಿಹ್ನೆಯನ್ನು ಸರಿಯಾಗಿಯೇ ಗುರುತಿಸಿದ.

ಕಣದಲ್ಲಿ ತಲೆ ಹೆಚ್ಚಾದ ಮಾತ್ರಕ್ಕೆ ಮತ ಒಡೆಯುತ್ತದೆ ಎಂಬ ನಂಬಿಕೆಯೂ ಗಟ್ಟಿಯಲ್ಲ. ಬೆಳಗಾವಿ ವಿಧಾನಸಭಾ ಕ್ಷೇತ್ರದಲ್ಲಿ 1985ರಲ್ಲಿ 301 ಅಭ್ಯರ್ಥಿಗಳಿದ್ದರು, ಅಲ್ಲಿನ ಲೋಕಸಭಾ ಕ್ಷೇತ್ರದಲ್ಲಿ 1996ರಲ್ಲಿ 456. ಪ್ರತಿಭಟನೆಗೆಂದು ನಾಮಪತ್ರ ಸಲ್ಲಿಸಿದವರೇ ಹೆಚ್ಚಿದ್ದ ಇಂಥ ಕಣಗಳಿಂದಾಗಿ ಮತಪತ್ರವೇ ಪುಸ್ತಕವಾಯಿತು, ಠೇವಣಿ ಮೊತ್ತ ಏರಿತು. ಮತವನ್ನು ಹೊತ್ತೊಯ್ಯಲು ಬೆನ್ನಿಗೆ ಒಂದು ಸೀಮೆಯೋ ಸಮುದಾಯವೋ ಬೇಕು. ಯಡಿಯೂರಪ್ಪನವರ ಹಿಂದೆ ಲಿಂಗಾಯತ ಮತದ ಒಂದು ದೊಡ್ಡ ಪಾಲು ನಡೆಯಿತು. ಬಂಗಾರಪ್ಪನವರ ಹಿಂದೆ ಈಡಿಗರೂ ಮಲೆನಾಡೂ ಇದ್ದವು. ಶಿವಮೊಗ್ಗ ಲೋಕಸಭೆಯನ್ನು ಅವರು 1996ರಲ್ಲಿ ಸ್ವಂತ ಪಕ್ಷದಿಂದ, 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಬಿಜೆಪಿಯಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದರು. ಮುಂದೆ ಆ ಮನೆಯೂ ಒಡೆಯಿತು. 2008ರಲ್ಲಿ ಸೊರಬದಲ್ಲಿ ಮಕ್ಕಳಾದ ಕುಮಾರ್ ಕಾಂಗ್ರೆಸ್ಸಿನಿಂದ, ಮಧು ಸಮಾಜವಾದಿ ಪಕ್ಷದಿಂದ ಸೆಣಸಿದರು. ಗೆದ್ದವರು ಬಿಜೆಪಿಯ ಹರತಾಳು ಹಾಲಪ್ಪ.

2023ರಲ್ಲಿ ಈ ಇತಿಹಾಸಕ್ಕೆ ಉಲ್ಟಾ ಉದಾಹರಣೆ ಸಿಕ್ಕಿತು. ಬಿಜೆಪಿಯ ಮತ ಶೇ 36ರಲ್ಲೇ ನಿಂತಿತ್ತು, ಆದರೆ ಸ್ಥಾನಗಳು 104ರಿಂದ 66ಕ್ಕೆ ಬಿದ್ದವು. ಜೆಡಿಎಸ್ ಶೇ 18ರಿಂದ ಶೇ 13.29ಕ್ಕೆ ಕುಗ್ಗಿತು, ಕಾಂಗ್ರೆಸ್ ಶೇ 42.88ಕ್ಕೆ ಹಿಗ್ಗಿ 135 ಸ್ಥಾನ ಪಡೆಯಿತು. ಮತ ಒಡೆದದ್ದರಿಂದ ಬಂದ ಸೋಲಲ್ಲ ಇದು, ಎದುರಿನ ಮತ ಒಗ್ಗೂಡಿದ್ದರಿಂದ ಬಂದದ್ದು. ಅದೇ ವರ್ಷ ಜೆಡಿಎಸ್ ಜೊತೆ ಬಿಜೆಪಿ ಮೈತ್ರಿಗೆ ಮುಂದಾದದ್ದು ಈ ಲೆಕ್ಕ ಓದಿಯೇ ಇರಬೇಕು.

2024ರ ಲೋಕಸಭಾ ಚುನಾವಣೆಯಲ್ಲಿ ಮಗನಿಗೆ ಹಾವೇರಿಯ ಟಿಕೆಟ್ ಸಿಗಲಿಲ್ಲವೆಂದು ಮುನಿದ ಈಶ್ವರಪ್ಪ ಶಿವಮೊಗ್ಗದಲ್ಲಿ ಬಂಡಾಯ ಪಕ್ಷೇತರರಾಗಿ ನಿಂತರು. ಯಡಿಯೂರಪ್ಪನವರ ಮಗ ಬಿ.ವೈ. ರಾಘವೇಂದ್ರ ಬಿಜೆಪಿ ಅಭ್ಯರ್ಥಿ, ಬಂಗಾರಪ್ಪನವರ ಮಗಳು ಗೀತಾ ಶಿವರಾಜಕುಮಾರ್ ಕಾಂಗ್ರೆಸ್ ಅಭ್ಯರ್ಥಿ. ಹಿಂದುತ್ವದ ಮತ ಒಡೆಯುತ್ತದೆ, ಈಶ್ವರಪ್ಪನವರ ಸಮುದಾಯವಾದ ಕುರುಬರ ಮತ ಸರಿಯುತ್ತದೆ ಎಂದೆಲ್ಲ ಚರ್ಚೆ ನಡೆಯಿತು. ಈಶ್ವರಪ್ಪನವರಿಗೆ ಬಂದದ್ದು ಸುಮಾರು 30 ಸಾವಿರ ಮತ. ರಾಘವೇಂದ್ರ 2.4 ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು.