ಕಬ್ಬಿನ ಸೀಮೆಯ ಸಿಗ್ನಲ್

ಪುಣೆಯಿಂದ ಆಗ್ನೇಯಕ್ಕೆ ಸುಮಾರು 100 ಕಿ.ಮೀ. ದೂರದ ಬಾರಾಮತಿಯಲ್ಲಿ ನೆಲಕ್ಕೆ ಎರಡು ಹೆಸರು. ನೀರಾ ಎಡದಂಡೆ ಕಾಲುವೆಯ ನೀರು ಮುಟ್ಟುವ ಹೊಲ ಬಾಗಾಯತ್, ಮುಟ್ಟದ್ದು ಜಿರಾಯತ್. ಒಂದು ಕಾಲಕ್ಕೆ ಭೀಮಥಡಿ ಎಂದು ಕರೆಸಿಕೊಂಡು ಕುದುರೆಗಳಿಗೆ ಹೆಸರಾಗಿದ್ದ ಈ ಸೀಮೆಗೆ 19ನೇ ಶತಮಾನದ ಕೊನೆಯ ಹೊತ್ತಿಗೆ ಕಾಲುವೆ ಬಂತು. ಕಾಲುವೆಯ ಬೆನ್ನಿಗೆ ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಸಹಕಾರಿ ಸಕ್ಕರೆ ಕಾರ್ಖಾನೆಗಳು ಬಂದವು: ಮಾಳೇಗಾಂವ, ಸೋಮೇಶ್ವರ, ಪಕ್ಕದ ಇಂದಾಪುರ ತಾಲ್ಲೂಕಿನ ಭವಾನಿನಗರದ ಛತ್ರಪತಿ. ಫೋನಿನ ಚರಿತ್ರೆಯನ್ನು ಇಲ್ಲಿ ಕಬ್ಬಿನಿಂದ ಬಿಡಿಸಿ ಹೇಳುವುದು ಕಷ್ಟ.

ಅದಕ್ಕೆ ಕಾರಣ ಕಬ್ಬಿನ ಗುಣದಲ್ಲೇ ಇದೆ. ಕಡಿದ ಕಬ್ಬು ಬಿಸಿಲಿಗೆ ಬಿದ್ದರೆ ತೂಕ ಇಳಿಯುತ್ತದೆ, ರಸದೊಳಗಿನ ಸಕ್ಕರೆ ಒಡೆಯತೊಡಗುತ್ತದೆ. ಆದ್ದರಿಂದ ಯಾವ ಹೊಲಕ್ಕೆ ಯಾವತ್ತು ಕುಡುಗೋಲು ಹಾಕಬೇಕು, ಗಾಡಿ ಎಷ್ಟು ಹೊತ್ತಿಗೆ ಕಾರ್ಖಾನೆಯ ಗೇಟಿಗೆ ಬರಬೇಕು ಎಂಬ ಸುದ್ದಿ ಹೊಲಕ್ಕೂ ಕಾರ್ಖಾನೆಗೂ ನಡುವೆ ಓಡಾಡುತ್ತಲೇ ಇರಬೇಕು. ಇದು ಕೆಲವೇ ಮೈಲಿಯ ಮಾತು. ಇನ್ನೊಂದು ಮಾತು ದೂರದ್ದು. ಕಬ್ಬು ಕಡಿಯುವವರು ಊರಿನವರಲ್ಲ. ಬೀಡ್, ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಒಣ ತಾಲ್ಲೂಕುಗಳ ಜನ ಪಶ್ಚಿಮ ಮಹಾರಾಷ್ಟ್ರದ ಕಾರ್ಖಾನೆಗಳಿಗೆ ದೀಪಾವಳಿ ಆಸುಪಾಸಿಗೆ ಬಂದು ಬೇಸಿಗೆಗೆ ಮರಳುತ್ತಾರೆ. ವಿಜಯಪುರ ಜಿಲ್ಲೆಯ ತಾಂಡಾಗಳ ಲಂಬಾಣಿಗಳೂ ಇದೇ ಹಾದಿ ಹಿಡಿದವರು. ಆರು ತಿಂಗಳು ಹೊಲದಂಚಿನ ಗುಡಿಸಲಲ್ಲಿ ಇರುವವರಿಗೆ 200 ಕಿ.ಮೀ. ಆಚೆ ಉಳಿದ ಮುದುಕರ, ಮಕ್ಕಳ ಸುದ್ದಿ ಬೇಕು. ಹತ್ತಿರದ ಈ ಮಾತು, ದೂರದ ಆ ಮಾತು ಎರಡೂ ಒಂದೇ ಕೈಗೆ ಬರಲು ನೂರು ವರ್ಷ ಹಿಡಿಯಿತು.

ಫೋನಿಲ್ಲದ ಕಾಲದಲ್ಲಿ ಹತ್ತಿರದ ಮಾತನ್ನು ಕಾರ್ಖಾನೆಯ ಸ್ಲಿಪ್‌ಬಾಯ್ ಸೈಕಲ್ ಮೇಲೆ ಒಯ್ಯುತ್ತಿದ್ದ. ಕಡಿಯುವ ಚೀಟಿ ಅವನ ಕೈಯಲ್ಲಿ ಇರುತ್ತಿದ್ದುದರಿಂದ ಅವನ ಗತ್ತೂ ಕಡಿಮೆ ಇರಲಿಲ್ಲ. ದೂರದ ಮಾತಿಗೆ ಅಂಚೆಯೊಂದೇ ಗತಿ: ಮನಿಯಾರ್ಡರಿನ ಕೆಳಗಿನ ನಾಲ್ಕು ಸಾಲು, ಯಾರಿಂದಲೋ ಬರೆಸಿದ ಇನ್‌ಲ್ಯಾಂಡ್ ಕಾಗದ. ಟೆಲಿಗ್ರಾಂ ಬಂದರೆ ಒಡೆಯುವ ಮೊದಲೇ ಹೆಂಗಸರು ಅಳಲು ಶುರು ಮಾಡುತ್ತಿದ್ದರು, ಯಾಕೆಂದರೆ ಆ ದುಬಾರಿ ಕಾಗದ ಬರುತ್ತಿದ್ದದ್ದು ಹೆಚ್ಚಾಗಿ ಸಾವಿನ ಸುದ್ದಿ ಹೊತ್ತೇ. ಕಾರ್ಖಾನೆಯ ಕಚೇರಿ, ಬ್ಯಾಂಕು, ಅಡತಿ ಅಂಗಡಿಗಳಂಥ ಕಡೆ ಫೋನಿದ್ದರೂ ಬೇರೆ ಊರಿಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. ತುರ್ತಿದ್ದವರಿಗೆ ‘ಅರ್ಜೆಂಟ್’, ಅದಕ್ಕೂ ಮೀರಿದರೆ ಎಂಟು ಪಟ್ಟು ದರದ ‘ಲೈಟ್ನಿಂಗ್’. ಆಪರೇಟರನ ನೆರವಿಲ್ಲದೆ ಪರಊರಿಗೆ ತಾನೇ ನಂಬರು ತಿರುಗಿಸುವ ಎಸ್‌ಟಿಡಿ ಭಾರತದಲ್ಲಿ 1960ರಲ್ಲೇ ಕಾನ್ಪುರ–ಲಖನೌ ನಡುವೆ ಶುರುವಾಯಿತು. ತಾಲ್ಲೂಕು ಊರುಗಳಿಗೆ ಅದು ಇಳಿದು ಬರಲು ದಶಕಗಳೇ ಬೇಕಾದವು. ಬಾರಾಮತಿಯ ಪಾಲಿಗೆ ಬಂದ ಕೋಡು 02112. ಅಂಗಡಿಗಳ ಹಳೆಯ ಬೋರ್ಡುಗಳಲ್ಲಿ, ಬಿಲ್ ಪುಸ್ತಕಗಳಲ್ಲಿ ಅದು ಬಹುಕಾಲ ಉಳಿಯಿತು.

ಹಳ್ಳಿಗೆ ಫೋನು ಇಳಿಸಿದ ಯಂತ್ರದ ಕತೆಯಲ್ಲಿ ಕರ್ನಾಟಕಕ್ಕೊಂದು ಪಾಲಿದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ, 128 ಲೈನುಗಳ ಒಂದು ಪುಟ್ಟ ವಿನಿಮಯ ಕೇಂದ್ರವನ್ನು ರೂಪಿಸಿತು. ಪರದೇಶದ ಎಕ್ಸ್‌ಚೇಂಜುಗಳಿಗೆ ಎ.ಸಿ. ಕೋಣೆ ಬೇಕಿತ್ತು, ಇದು ಧೂಳು, ಸೆಕೆ ತಡೆದುಕೊಂಡು ಹಳ್ಳಿಯ ಸಾಮಾನ್ಯ ಕೋಣೆಯಲ್ಲೇ ನಡೆಯುವಂಥದ್ದು. ಅದರ ಮೊದಲ ಕೇಂದ್ರ 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ನಿಂತಿತು. ಚೆನ್ನಮ್ಮನ ಊರು ಚರಿತ್ರೆ ಪುಸ್ತಕಗಳಲ್ಲಿ ಬೇರೊಂದು ಕಾರಣಕ್ಕೆ ಬರುತ್ತದೆ. ಈ ಕಾರಣಕ್ಕೂ ಬರಬೇಕಿತ್ತು. ಇದೇ ಜಾತಿಯ ಪೆಟ್ಟಿಗೆಗಳು ಮುಂದೆ ದೇಶದ ಹಳ್ಳಿಹಳ್ಳಿಗೂ ಹೋದವು. ಅವುಗಳ ಬೆನ್ನಿಗೆ ಎಸ್‌ಟಿಡಿ ಬೂತುಗಳ ಹಳದಿ ಬೋರ್ಡು ಹಬ್ಬಿತು.

ಬೂತಿನ ಗಾಜಿನ ಗೂಡಿನೊಳಗೆ ಕೆಂಪು ಅಂಕಿಗಳು ಓಡುವುದನ್ನು ನೋಡುತ್ತಲೇ ಮಾತಾಡಬೇಕಿತ್ತು. ರಾತ್ರಿ 11ರ ಮೇಲೆ ಕಾಲುದರವಾದ್ದರಿಂದ ಸಾಲು ಆಗಲೇ ಉದ್ದ. ತಾಂಡಾದ ಕಡೆ ಫೋನಿದ್ದದ್ದು ಒಂದು ಕಿರಾಣಿ ಅಂಗಡಿಯಲ್ಲೋ ಮೇಸ್ತರ ಮನೆಯಲ್ಲೋ. ಮೊದಲ ಕಾಲ್ ಬರೀ ಕರೆಸುವುದಕ್ಕೆ. ‘ಹತ್ತು ಮಿನಿಟ್ ಬಿಟ್ಟು ಮತ್ತ ಹಚ್ಚರಿ, ಕರಕೊಂಡು ಬರ್ತೀವಿ’ ಎಂದು ಆ ಕಡೆಯವರು ಇಟ್ಟುಬಿಡುವರು. ಎರಡನೆಯ ಕಾಲಿನಲ್ಲಿ ಅವ್ವ ಏದುಸಿರು ಬಿಡುತ್ತ ಬಂದು ರಿಸೀವರ್ ಹಿಡಿಯುವಷ್ಟರಲ್ಲಿ ಮೀಟರು ಮುಂದೆ ಹೋಗಿರುತ್ತಿತ್ತು. ಮಾತು ಕೂಗಿದಂತೆಯೇ ಇರುತ್ತಿತ್ತು. ದೂರ ಹೆಚ್ಚಾದಷ್ಟೂ ದನಿ ಏರಿಸಬೇಕೆಂಬ ನಂಬಿಕೆ ಮೊಬೈಲು ಬಂದ ಮೇಲೂ ಹೋಗಿಲ್ಲ.

ಮೊಬೈಲಿನ ಮೊದಲ ಕರೆ ಭಾರತದಲ್ಲಿ 1995ರ ಜುಲೈ 31ರಂದು ಆಯಿತು. ಕೋಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರೊಡನೆ ಮಾತಾಡಿದರು. ಆಗ ಬಂದ ಕರೆಗೂ ಹಣ, ಹೋದ ಕರೆಗೂ ಹಣ. ನಿಮಿಷಕ್ಕೆ 16 ರೂಪಾಯಿವರೆಗೂ ಬೀಳುತ್ತಿತ್ತು. ನಾಲ್ಕು ಮಹಾನಗರಗಳ ಆಚೆಗೆ ಸರ್ಕಾರ ದೇಶವನ್ನು ‘ಸರ್ಕಲ್’ಗಳಾಗಿ ಹರಿದು ಹರಾಜು ಹಾಕಿತು. ಮುಂಬೈಯನ್ನು ಹೊರಗಿಟ್ಟು ಗೋವೆಯನ್ನು ಒಳಗೆ ಹಾಕಿಕೊಂಡ ಮಹಾರಾಷ್ಟ್ರ ಸರ್ಕಲ್ಲು ಬಿಪಿಎಲ್ ಮತ್ತು ಬಿರ್ಲಾ ಎಟಿ&ಟಿ ಕಂಪನಿಗಳ ಪಾಲಾಯಿತು; ಕರ್ನಾಟಕ ಜೆಟಿಎಂ ಮತ್ತು ಸ್ಪೈಸ್ ಪಾಲಿಗೆ. ಬಿರ್ಲಾ ಎಟಿ&ಟಿ ಮುಂದೆ ಟಾಟಾ ಕಂಪನಿಯೊಡನೆ ಸೇರಿಕೊಂಡಾಗ ಮೂರೂ ಹೆಸರು ಬೆರೆತು ಜನರ ಬಾಯಲ್ಲಿ ‘ಬಟಾಟಾ’ ಆಯಿತು. ಮರಾಠಿಯಲ್ಲಿ ಬಟಾಟಾ ಎಂದರೆ ಆಲೂಗಡ್ಡೆ. ಕನ್ನಡದ ಬಟಾಟೆಯೂ ಅದೇ. ಆ ಅಡ್ಡಹೆಸರು ಹೊತ್ತು ಮಹಾರಾಷ್ಟ್ರದಲ್ಲಿ ವ್ಯಾಪಾರ ಸುಲಭವಿರಲಿಲ್ಲ. 2002ರಲ್ಲಿ ಅದು ಐಡಿಯಾ ಆಯಿತು. ಬಿಪಿಎಲ್ ಹಚ್ ಆಗಿ, ಹಚ್ 2007ರಲ್ಲಿ ವೊಡಾಫೋನ್ ಆಗಿ, 2018ರಲ್ಲಿ ಐಡಿಯಾ ಕೂಡ ಅದರೊಡನೆ ಬೆರೆತು, ಹರಾಜಿನಲ್ಲಿ ಎದುರಾಳಿಗಳಾಗಿದ್ದ ಎರಡೂ ಜಾಲ ಒಂದೇ ಮನೆ ಸೇರಿದವು.

ಸರ್ಕಲ್ ಎಂಬ ಗೆರೆ ಕಾಗದದ ಮೇಲಷ್ಟೇ ಇರಲಿಲ್ಲ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಬಸ್ಸು ಧೂಳಖೇಡ ದಾಟಿ ಭೀಮಾ ನದಿಯ ಸೇತುವೆ ಏರಿ ಟಾಕಳಿಯ ಕಡೆ ಇಳಿಯುವಷ್ಟರಲ್ಲಿ ಕರ್ನಾಟಕದ ಸಿಮ್ಮು ರೋಮಿಂಗಿಗೆ ಬೀಳುತ್ತಿತ್ತು. ಮನೆಯಿಂದ ಬಂದ ಕರೆ ಎತ್ತಿದರೂ ದುಡ್ಡು ಹೋಗುತ್ತಿತ್ತು. ಬಾರಾಮತಿಯ ಕರ್ಹಾ ನದಿ ನೀರೆಗೆ ಸೇರಿ, ನೀರಾ ಭೀಮೆಗೆ ಸೇರಿ, ಅದೇ ನೀರು ಕಲಬುರಗಿ ಸೀಮೆಗೆ ಹರಿಯುತ್ತದೆ. ಮಾತಿಗೆ ಮಾತ್ರ ಆ ಸೇತುವೆಯ ಮೇಲೆ ಸುಂಕ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕನ್ನಡಿಗರು ಬೀಗರ ಊರಿಗೆ ಮಾತಾಡಲು ಎರಡು ಸಿಮ್ ಇಟ್ಟುಕೊಳ್ಳುವುದನ್ನು ಕಲಿತದ್ದು ಹೀಗೆ. ಡ್ಯುಯಲ್ ಸಿಮ್ಮಿನ ಅಗ್ಗದ ಫೋನು ಬಂದಾಗ ಗಡಿಯ ಜನಕ್ಕೆ ಅದರ ಉಪಯೋಗವನ್ನು ಯಾರೂ ವಿವರಿಸಬೇಕಾಗಲಿಲ್ಲ.

ದರ ಇಳಿದದ್ದು ಮೆಟ್ಟಿಲು ಮೆಟ್ಟಿಲಾಗಿ. ಬಿಎಸ್‌ಎನ್‌ಎಲ್ 2002ರ ಅಕ್ಟೋಬರಿನಲ್ಲಿ ಮೊಬೈಲಿಗೆ ಇಳಿಯಿತು, ಡಿಸೆಂಬರಿನಲ್ಲಿ ರಿಲಯನ್ಸ್ ಬಂತು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು. ಹಳ್ಳಿಗೆ ಇದೇ ನಿಜವಾದ ತಿರುವು: ಬ್ಯಾಲೆನ್ಸ್ ಇಲ್ಲದವನೂ ಈಗ ಫೋನಿನವನೇ. ಕೊಟ್ಟು ಕತ್ತರಿಸುವ ಮಿಸ್ಡ್ ಕಾಲ್ ಒಂದು ಭಾಷೆಯೇ ಆಯಿತು. ಒಂದು ಸಲ ಹೊಡೆದರೆ ‘ಹೊರಟೆ’, ಎರಡು ಸಲ ಹೊಡೆದರೆ ‘ಗಾಡಿ ತುಂಬಿತು, ಬಾ’. ಅದೇ ವರ್ಷ ಬಂದ ನೋಕಿಯಾ 1100ಕ್ಕೆ ನೆತ್ತಿಯ ಮೇಲೊಂದು ಟಾರ್ಚು, ಧೂಳು ಹೊಗದ ಕೀಪ್ಯಾಡು. ಲೋಡ್‌ಶೆಡ್ಡಿಂಗಿನ ರಾತ್ರಿ ಕಾಲುವೆ ನೀರು ತಿರುವಲು ಹೋಗುವ ರೈತನಿಗೆ ಕರೆಗಿಂತ ಆ ಟಾರ್ಚೇ ಹೆಚ್ಚು ಕೆಲಸಕ್ಕೆ ಬಂದಿರಬೇಕು. 2006ರ ಮಾರ್ಚಿನಲ್ಲಿ ಬಿಎಸ್‌ಎನ್‌ಎಲ್ ‘ಒನ್ ಇಂಡಿಯಾ’ ಯೋಜನೆಯಡಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ ಎಂದಿತು. ರಾತ್ರಿ 11ರವರೆಗೆ ಕಾಯುವ ರೂಢಿ, ಅದರೊಡನೆ ಹಳದಿ ಬೂತುಗಳೂ, ಕೆಲವೇ ವರ್ಷಗಳಲ್ಲಿ ಮರೆಯಾದವು. ಬೂತಿದ್ದ ಜಾಗದಲ್ಲೇ ಬಹಳ ಕಡೆ ರೀಚಾರ್ಜ್ ಅಂಗಡಿ ಕೂತಿತು.

ಹತ್ತಿರದ ಮಾತಿನ ಕತೆ ಇದೇ ಹೊತ್ತಿಗೆ ಬೇರೊಂದು ದಾರಿ ಹಿಡಿಯಿತು. ಅಪ್ಪಾಸಾಹೇಬ ಪವಾರರು 1971ರಲ್ಲಿ ಕಟ್ಟಿದ ಕೃಷಿ ಅಭಿವೃದ್ಧಿ ಟ್ರಸ್ಟು ಬಾರಾಮತಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೊಂದನ್ನು ನಡೆಸುತ್ತದೆ. ಐಐಟಿ ಬಾಂಬೆಯ ಸಂಶೋಧಕರು 2003ರಲ್ಲಿ ‘ಆಕ್ವಾ’ ಎಂಬ ಪ್ರಶ್ನೋತ್ತರ ವ್ಯವಸ್ಥೆಯನ್ನು ತೆರೆದಾಗ ಉತ್ತರ ಹೇಳುವ ಹೊಣೆ ಹೊತ್ತವರಲ್ಲಿ ಈ ಕೇಂದ್ರದ ತಜ್ಞರೂ ಇದ್ದರು. ಎಲೆಗೆ ಚುಕ್ಕೆ ಬಿದ್ದರೆ ರೈತ ಊರಿನ ಕಿಯಾಸ್ಕಿಗೆ ಹೋಗಿ ಮರಾಠಿಯಲ್ಲಿ ಪ್ರಶ್ನೆ ಟೈಪ್ ಮಾಡಿಸಿ, ಬೇಕಾದರೆ ಫೋಟೋ ಸೇರಿಸಿ ಕಳಿಸುವನು. ತಜ್ಞರ ಉತ್ತರ ಕಂಪ್ಯೂಟರಿಗೆ ಬರುವುದು. ಒಬ್ಬನ ಪ್ರಶ್ನೆಗೆ ಬಂದ ಉತ್ತರ ಅಲ್ಲೇ ಉಳಿದು ಇನ್ನೊಬ್ಬನಿಗೂ ಸಿಗುತ್ತಿತ್ತು. ಆದರೆ ಕಿಯಾಸ್ಕಿಗೆ ನಡೆದು ಹೋಗಬೇಕು, ಹೋದಾಗ ಕರೆಂಟಿರಬೇಕು, ಬಾಗಿಲು ತೆರೆದಿರಬೇಕು. ಕಂಪ್ಯೂಟರ್ ಹಳ್ಳಿಯ ನಡುವೆ ಕೂತಿತ್ತು, ಚುಕ್ಕೆ ಬಿದ್ದ ಎಲೆ ಹೊಲದಲ್ಲಿತ್ತು.

ಕೊಲ್ಹಾಪುರ ಸೀಮೆಯ ವಾರಣಾದಲ್ಲಿ ಈ ತೊಡಕು ಇನ್ನೂ ಸ್ಪಷ್ಟವಾಗಿ ಕಂಡಿತು. ಅಲ್ಲಿನ ಸಕ್ಕರೆ ಸಹಕಾರಿ ಸಂಘದ ಸುತ್ತಲ ಹಳ್ಳಿಗಳಿಗೆ 1998ರಲ್ಲಿ ‘ತಂತಿ ಹಳ್ಳಿ’ (ವೈರ್ಡ್ ವಿಲೇಜ್) ಯೋಜನೆಯಡಿ ಕಂಪ್ಯೂಟರುಗಳು ಬಂದಿದ್ದವು. ಮೈಕ್ರೋಸಾಫ್ಟಿನ ಬೆಂಗಳೂರು ಸಂಶೋಧನಾ ಕೇಂದ್ರದವರು ಹೋಗಿ ನೋಡಿದಾಗ ರೈತರು ಅವುಗಳಿಂದ ಕೇಳುತ್ತಿದ್ದದ್ದು ಹೆಚ್ಚಾಗಿ ಕಬ್ಬಿನ ತೂಕ, ಗೊಬ್ಬರದ ಲೆಕ್ಕ. ಅಷ್ಟಕ್ಕೆ ಕಂಪ್ಯೂಟರ್ ಯಾಕೆ? 2006–07ರ ಸುಮಾರಿಗೆ ಅವರು ಅದರ ಬದಲು ಒಂದು ಮೊಬೈಲನ್ನು, ಎಸ್ಸೆಮ್ಮೆಸ್ಸನ್ನು ಇಟ್ಟು ನೋಡಿದರು. ಖರ್ಚು ಇಳಿಯಿತು, ಕೆಲಸ ನಿಲ್ಲಲಿಲ್ಲ. ಹೊಸ ಯಂತ್ರ ಹೊತ್ತು ತರುವವರ ನಡುವೆ ಇದ್ದ ಯಂತ್ರವನ್ನು ತೆಗೆದು ಸಣ್ಣದನ್ನು ಇಟ್ಟ ಈ ಪ್ರಯೋಗ ಅಪರೂಪದ್ದು. 2007ರಲ್ಲಿ ರಾಯ್ಟರ್ಸ್ ಮಾರ್ಕೆಟ್ ಲೈಟ್ ಮಹಾರಾಷ್ಟ್ರದ ರೈತರಿಗೆ ಪೇಟೆ ಧಾರಣೆ, ಹವಾಮಾನವನ್ನು ಮರಾಠಿ ಎಸ್ಸೆಮ್ಮೆಸ್ಸಿನಲ್ಲಿ ಮಾರತೊಡಗಿತು. ಗೇಟಿನಲ್ಲಿ ಗಾಡಿ ತೂಗಿದ ಲೆಕ್ಕ ರೈತನ ಮೊಬೈಲಿಗೇ ಬರುವುದು ಇವತ್ತು ಅನೇಕ ಕಾರ್ಖಾನೆಗಳಲ್ಲಿ ಮಾಮೂಲು. ಸ್ಲಿಪ್‌ಬಾಯ್‌ನ ಗತ್ತು ಇಳಿದದ್ದು ಹೀಗೆ, ಒಂದೊಂದೇ ಮೆಸೇಜಿನಿಂದ.

ಹಾಡು, ಸಿನಿಮಾ ಫೋನಿನೊಳಗೆ ಬಂದದ್ದು ಇಂಟರ್ನೆಟ್ಟಿನಿಂದಲ್ಲ, ಮೆಮೊರಿ ಕಾರ್ಡಿನಿಂದ. ಸಂತೆಯ ದಿನ ಮೊಬೈಲ್ ಅಂಗಡಿಗೆ ಕಾರ್ಡು ಕೊಟ್ಟರೆ ಹತ್ತಿಪ್ಪತ್ತು ರೂಪಾಯಿಗೆ ನೂರಾರು ಹಾಡು ತುಂಬಿ ಕೊಡುತ್ತಿದ್ದರು. ಯಾವ ಹಾಡು ಎಂಬುದು ಅಂಗಡಿಯವನ ಕಂಪ್ಯೂಟರಿನಲ್ಲಿ ಏನಿದೆಯೋ ಅದರ ಮೇಲೆ. ಮರಾಠಿ ಊರಿನ ಅಂಗಡಿಯಲ್ಲಿ ಲಂಬಾಣಿ ಹಾಡಾಗಲಿ ಉತ್ತರ ಕರ್ನಾಟಕದ ಜಾನಪದವಾಗಲಿ ಸಿಗುವುದು ಅನುಮಾನ. ಆದ್ದರಿಂದ ಹಂಗಾಮಿಗೆ ಹೊರಡುವ ಮುಂಚೆ ಊರಲ್ಲೇ ಕಾರ್ಡು ತುಂಬಿಸಿಕೊಳ್ಳಬೇಕಿತ್ತು, ಜೋಳದ ಹಿಟ್ಟು ಕಟ್ಟಿಕೊಂಡಂತೆ. ಆರು ತಿಂಗಳೂ ಅದೇ ಹಾಡು.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲೆ ಈ ಬುತ್ತಿ ಬೇಡವಾಯಿತು. ಅಲ್ಲಿಯವರೆಗೆ ಒಂದು ಜಿಬಿ ಡೇಟಾಕ್ಕೆ 200 ರೂಪಾಯಿಗೂ ಮೇಲೆ ಬೀಳುತ್ತಿತ್ತು. ಮೂರ್ನಾಲ್ಕು ವರ್ಷದಲ್ಲಿ ಅದು 10 ರೂಪಾಯಿಯ ಆಸುಪಾಸಿಗೆ ಇಳಿಯಿತು. 2017ರಲ್ಲಿ 1,500 ರೂಪಾಯಿ ಠೇವಣಿಯ ಜಿಯೋಫೋನ್ ಬಂದು, ಕೀಪ್ಯಾಡಿನ ಫೋನಿನಲ್ಲೂ ವಿಡಿಯೋ ಓಡಿತು. ಅದೇ ಹೊತ್ತಿಗೆ ರೋಮಿಂಗ್ ಸುಂಕವೂ ಎದ್ದುಹೋಗಿ, ಟಾಕಳಿಯ ಸೇತುವೆ ಮತ್ತೆ ಬರೀ ಸೇತುವೆಯಾಯಿತು. ಗುಡಿಸಲಿಗೆ ಕರೆಂಟಿಲ್ಲದಿದ್ದರೂ ಟ್ರ್ಯಾಕ್ಟರಿನ ಬ್ಯಾಟರಿಗೋ ಹತ್ತಿರದ ಚಹಾದಂಗಡಿಗೋ ಚಾರ್ಜರ್ ಚುಚ್ಚಿ, ಸಂಜೆ ಒಲೆಯ ಮುಂದೆ ಐದಾರು ಜನ ಒಂದು ಪರದೆಗೆ ತಲೆ ಕೂಡಿಸಿ ಯೂಟ್ಯೂಬಿನಲ್ಲಿ ತಮ್ಮ ಭಾಷೆಯ ಹಾಡು ಹುಡುಕಬಹುದಾಯಿತು. 2023ರ ಐಪಿಎಲ್ ಪಂದ್ಯಗಳು ಜಿಯೋಸಿನಿಮಾದಲ್ಲಿ ಪುಕ್ಕಟೆಯಾಗಿ, ಕನ್ನಡ ವೀಕ್ಷಕ ವಿವರಣೆಯೊಂದಿಗೇ, ಯಾವ ರಾಜ್ಯದ ಹೊಲದಲ್ಲಿ ಕೂತರೂ ಸಿಕ್ಕವು. ಬಾರಾಮತಿಗೆ ಅದರದ್ದೇ ದನಿಯೂ ಇದೆ: ವಿದ್ಯಾ ಪ್ರತಿಷ್ಠಾನದ ಸಮುದಾಯ ಬಾನುಲಿ ವಸುಂಧರಾ ವಾಹಿನಿ 90.4, ಕೃಷಿ ವಿಜ್ಞಾನ ಕೇಂದ್ರದ ಶಾರದಾ ಕೃಷಿ ವಾಹಿನಿ 90.8. ಎಫ್‌ಎಂ ಇರುವ ಫೋನಿಗೆ ಇಯರ್‌ಫೋನ್ ತಂತಿ ಚುಚ್ಚಿದರೆ ಅದೇ ಆಂಟೆನಾ. ಇವಕ್ಕೆ ಡೇಟಾ ಬೇಕಿಲ್ಲ.

ಅಗ್ಗವಾದದ್ದು ಡೇಟಾ, ಸಿಗ್ನಲ್ ಸಿಗುವುದು ಬೇರೆಯೇ ಲೆಕ್ಕ. ಟವರಿನಿಂದ ಹೊರಡುವ ಅಲೆ ಹಸಿ ಎಲೆಗಳ ನಡುವೆ ಹಾಯುವಾಗ ಸೊರಗುತ್ತದೆ, ಆವೃತ್ತಿ ಹೆಚ್ಚಾದಷ್ಟೂ ಹೆಚ್ಚು. ಆಳೆತ್ತರ ಮೀರಿ ಬೆಳೆದ ಅಡಸಾಲಿ (ಒಂದೂವರೆ ವರ್ಷದ) ಕಬ್ಬಿನ ನಡುವೆ ನಿಂತವನ ಫೋನಿನಲ್ಲಿ ವಿಡಿಯೋ ತಿರುಗುತ್ತ ನಿಂತು, ಬದುವಿಗೆ ಬಂದೊಡನೆ ಮುಂದೆ ಓಡಿದರೆ ಅದರಲ್ಲಿ ಮಾಯವಿಲ್ಲ.

ಬಾರಾಮತಿಯ ಹೊಸ ಕಬ್ಬಿನ ಪ್ಲಾಟುಗಳಲ್ಲಿ ಎದ್ದು ಕಾಣುವ ಕಂಬ ನೆಟ್ಟದ್ದು ಮಾತ್ರ ಸಿಗ್ನಲ್ಲಿಗಲ್ಲ, ಬೆಳೆಯನ್ನು ಅಳೆಯಲಿಕ್ಕೆ. ಕೃಷಿ ಅಭಿವೃದ್ಧಿ ಟ್ರಸ್ಟು ಮೈಕ್ರೋಸಾಫ್ಟಿನ ಜೊತೆ ಸೇರಿ ನಡೆಸುತ್ತಿರುವ ಕೃತಕ ಬುದ್ಧಿಮತ್ತೆಯ ಪ್ರಯೋಗದಲ್ಲಿ ಮಣ್ಣಿನ ತೇವ, ಗಾಳಿ, ಮಳೆ, ಉಷ್ಣತೆಯನ್ನು ಸಂವೇದಕಗಳು ಅಳೆಯುತ್ತವೆ. ಉಪಗ್ರಹದ ಚಿತ್ರಗಳೊಡನೆ ಅದನ್ನು ಕೂಡಿಸಿ, ಇವತ್ತು ನೀರು ಬಿಡು, ಇಲ್ಲಿ ಗೊಬ್ಬರ ಹಾಕು, ಈ ಮೂಲೆಯಲ್ಲಿ ಕೀಟ ಹುಡುಕು ಎಂದು ರೈತನ ಫೋನಿಗೆ ಸೂಚನೆ ಬರುತ್ತದೆ. ಮೊದಲ ಹಂತಕ್ಕೆ ಸುಮಾರು 1,000 ರೈತರನ್ನು ಆರಿಸಲಾಯಿತು. 2025ರ ಆರಂಭದಲ್ಲಿ ಮೈಕ್ರೋಸಾಫ್ಟಿನ ಮುಖ್ಯಸ್ಥ ಸತ್ಯ ನಾದೆಲ್ಲಾ ಇದನ್ನು ಎತ್ತಿ ಹೇಳಿದ ಮೇಲೆ ಬಾರಾಮತಿಯ ಹೆಸರು ಲೋಕಕ್ಕೆಲ್ಲ ಕೇಳಿಸಿತು. ಕಡಿಮೆ ನೀರಿನಲ್ಲಿ ಹೆಚ್ಚು ಕಬ್ಬು ಎಂಬುದು ಅವರ ಮಾತು. ಕಬ್ಬು ಒಂದರಿಂದ ಒಂದೂವರೆ ವರ್ಷದ ಬೆಳೆ. ಆ ಮಾತನ್ನು ತೂಗಲು ಇನ್ನಷ್ಟು ಹಂಗಾಮುಗಳು ದಾಟಬೇಕು. ಕಾಲುವೆ ನೀರು ಮುಟ್ಟದ ಜಿರಾಯತ್ ಹೊಲಕ್ಕೆ ಫೋನಿನ ಸೂಚನೆ ಮುಟ್ಟಬಹುದು, ಆದರೆ ಬಿಡಲು ಅಲ್ಲಿ ನೀರಿರಬೇಕಲ್ಲ.

ಈ ಪ್ರಯೋಗದ ಇನ್ನೊಂದು ಗುರಿ ಕಬ್ಬಿನಲ್ಲಿ ಸಕ್ಕರೆ ತುಂಬಿದ ಹೊತ್ತನ್ನು ಮೊದಲೇ ಅಂದಾಜು ಮಾಡಿ ಯಾವ ಪ್ಲಾಟಿಗೆ ಮೊದಲು ಕುಡುಗೋಲು ಎಂದು ಹೇಳುವುದು. ಸೂಚನೆ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ರೈತನಿಗೆ ಬರುತ್ತದೆ. ರೈತ ಕಾರ್ಖಾನೆಗೆ ಹೇಳಬೇಕು, ಕಾರ್ಖಾನೆ ಕೂಲಿ ಗುತ್ತಿಗೆದಾರನಾದ ಮುಕಾದಮನಿಗೆ ಫೋನು ಮಾಡಬೇಕು, ಮುಕಾದಮ ಕಬ್ಬು ಕಡಿಯುವ ತನ್ನ ಟೋಳಿಗೆ. ನಸುಕಿನಲ್ಲಿ ಆ ಕರೆ ಬಂದಾಗ ಗುಡಿಸಲಿನ ಫೋನಿನಲ್ಲಿ ಬಹುಶಃ ಆಗಲೇ ಇನ್ನೊಂದು ಕರೆ ನಡೆದಿರುತ್ತದೆ: ತಾಂಡಾದಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದ ಮಗು, ಶಾಲೆಗೆ ಹೊರಡುವ ಮುಂಚೆ, ವಿಡಿಯೋದಲ್ಲಿ.